ಕಿಟಕಿ ಮುಚ್ಚಿದ ತಾಯಿ

"ಆ ತಾಯಿಗೆ ಮೊದಲಿಂದಲೇ ಗೊತ್ತು ಕಣೇ."

ಮೊನ್ನೆ ಮಂಗಳವಾರ ರಾತ್ರಿ ಇಷ್ಟು ಹೇಳಿ ಅಮ್ಮ ತನ್ನ ಪಾಡಿಗೆ ಕನ್ನಡಕ ಒರೆಸುತ್ತಾ ಕೂತಳು. ನನ್ನ ಕೈ ಮಾತ್ರ ತಣ್ಣಗಾಯಿತು. ಮೂರನೇ ಭಾಗದಲ್ಲಿ ಆ ಗುಟ್ಟು ಆಗಷ್ಟೇ ಒಡೆದಿತ್ತು. ನನಗೇ ಗೊತ್ತಾಗಿ ಐದು ನಿಮಿಷ ಆಗಿರಲಿಲ್ಲ. ಅದಿರಲಿ, ನಾನು ಇಂಥದ್ದೊಂದು ಪುಸ್ತಕ ಓದುತ್ತಿದ್ದೇನೆ ಅನ್ನುವುದೇ ಅಮ್ಮನಿಗೆ ಗೊತ್ತಿರಬಾರದಿತ್ತು.

ಯಾಕೆಂದರೆ ನಾನು ಹೊದಿಕೆ ಬದಲಿಸಿದ್ದೆ. ಅಂಗಿಗೆ ಗುಂಡಿ ಹಾಕಿಕೊಳ್ಳಲೂ ಪುರುಸೊತ್ತಿಲ್ಲದ ಗಂಡಸಿನ ಚಿತ್ರ ಇದ್ದ ಹೊದಿಕೆ ತೆಗೆದಿಟ್ಟು, ಸಮಯ ಉಳಿಸುವುದು ಹೇಗೆ ಅಂತ ಹೇಳಿಕೊಡುವ ಪುಸ್ತಕವೊಂದರ ಹೊದಿಕೆ ತೊಡಿಸಿದ್ದೆ. ಅದನ್ನು ಹಿಡಿದುಕೊಂಡು ರಾತ್ರಿ ಎರಡರವರೆಗೆ ಎದ್ದಿರುತ್ತಿದ್ದೆ. ನನಗೀಗ 37 ವರ್ಷ. ನಗಬೇಡಿ.

ಪುಸ್ತಕ ಕೊಟ್ಟವಳು ಅಕ್ಕ. ಒಟ್ಟು ನಾಲ್ಕು ಭಾಗ. "ಮೊದಲು ಓದು, ಆಮೇಲೆ ಬೈಯಿ" ಅಂದಿದ್ದಳು. ಅಕ್ಕ ಯಾವ ಪುಸ್ತಕ ಸಿಕ್ಕರೂ ಮೊದಲು ಕೊನೇ ಪುಟ ಓದುತ್ತಾಳೆ. ಅಂಥವರ ಕೈಗೆ ಯಾವ ಗುಟ್ಟನ್ನೂ ಕೊಡಬಾರದು ಅಂತ ನನ್ನ ಅಭಿಪ್ರಾಯ. ಯಾರೂ ಕೇಳಿಲ್ಲ, ಆದರೂ ಹೇಳಿದೆ.

ಸರಣಿಯ ಹೆಸರು ಹೇಳಲ್ಲ. ಹೇಳಿದರೆ ಇನ್ನೂ ಓದದವರ ಮಜಾ ಹಾಳು. ಡಾರ್ಕ್ ರೊಮ್ಯಾನ್ಸ್ ಅನ್ನುತ್ತಾರಲ್ಲ, ಆ ಜಾತಿಯದು. ಕಥೆ ಶುರುವಾಗುವ ಮೊದಲೇ ಒಂದು ಎಚ್ಚರಿಕೆಯ ಪಟ್ಟಿ ಇದೆ: ಹಿಂಸೆ, ಅಪಹರಣ, ಬಲವಂತ, ಸಾವು. ಔಷಧದ ಡಬ್ಬಿ ಮೇಲೆ ಇರುತ್ತಲ್ಲ, ಹಾಗೇ. ಡಬ್ಬಿ ಮೇಲಿನದನ್ನು ಓದಿದರೆ ಹೆದರಿಕೆ ಆಗುತ್ತೆ. ಇದನ್ನು ಓದಿದರೆ ಪುಟ ಬೇಗ ತಿರುಗಿಸಬೇಕು ಅನ್ನಿಸುತ್ತೆ. ಒಂದು ಅಧ್ಯಾಯ ಅವಳ ಬಾಯಲ್ಲಿ, ಮುಂದಿನದು ಅವನ ಬಾಯಲ್ಲಿ. ಯಾರು ಯಾರಿಂದ ಏನು ಮುಚ್ಚಿಡುತ್ತಿದ್ದಾರೆ ಅಂತ ಓದುವವರಿಗೆ ಮಾತ್ರ ಗೊತ್ತು. ಅಥವಾ ಗೊತ್ತು ಅಂದುಕೊಂಡಿರುತ್ತೇವೆ.

ನಾಯಕನ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ. ಬಾಗಿಲಿಗೆ ಬೀಗ ಹಾಕಿ "ನಿನ್ನ ಒಳ್ಳೆಯದಕ್ಕೇ" ಅನ್ನುವವನು. ಅವಳ ಫೋನು ತೆಗೆದು ನೋಡುವವನು. ಇಂಥವನ ಜೊತೆ ನಾನು ಲಿಫ್ಟಿನಲ್ಲಿ ಎರಡು ಮಹಡಿ ಕೂಡ ಹತ್ತಲ್ಲ. ಪುಸ್ತಕದಲ್ಲಿ ಮಾತ್ರ ಸಾವಿರ ಪುಟ ಅವನ ಹಿಂದೆ ಹೋದೆ. ಅದಕ್ಕೆ ನನ್ನಲ್ಲಿರುವ ಸಮಜಾಯಿಷಿ ಒಂದೇ. ರೊಮ್ಯಾನ್ಸ್ ಅಂದಮೇಲೆ ಕೊನೆಗೆ ಎಲ್ಲ ನೆಟ್ಟಗಾಗಲೇಬೇಕು, ಅದು ಈ ಜಾತಿಯ ಪುಸ್ತಕಗಳ ಕಟ್ಟಳೆ. ಎಷ್ಟೇ ಕತ್ತಲಿರಲಿ, ಸ್ವಿಚ್ಚು ಎಲ್ಲಿದೆ ಅಂತ ಗೊತ್ತಿರುವ ಕತ್ತಲು ಅದು.

ನನ್ನನ್ನು ನಿಜವಾಗಿ ಹಿಡಿದದ್ದು ನಾಯಕಿಯ ಮನೆ. ಅಲ್ಲಿ ಎಲ್ಲರಿಗೂ ಒಂದೊಂದು ಗುಟ್ಟು. ಅಪ್ಪ ಪಾಲುದಾರನಿಗೆ ಮೋಸ ಮಾಡಿದ್ದಾನೆ, ಆ ಪಾಲುದಾರನ ಮಗನೇ ನಾಯಕ. ಚಿಕ್ಕಪ್ಪ ಉಯಿಲು ತಿದ್ದಿದ್ದಾನೆ. ಇದೆಲ್ಲ ಸರಿ, ಇಂಥ ಕಥೆಯಲ್ಲಿ ಇಷ್ಟೂ ಇಲ್ಲದಿದ್ದರೆ ಹೇಗೆ? ಆದರೆ ಮೂರನೇ ಭಾಗದಲ್ಲಿ ಬೇರೆಯದೇ ಒಂದು ಹೊರಬೀಳುತ್ತದೆ. ಅಪಘಾತದಲ್ಲಿ ಸತ್ತ ಅಂದುಕೊಂಡಿದ್ದ ಅಣ್ಣ ಸತ್ತೇ ಇಲ್ಲ. ಅವನನ್ನು ದೂರ ಕಳಿಸಿದ್ದಾರೆ. ತಾಯಿಗೆ ಅದು ಹನ್ನೊಂದು ವರ್ಷದಿಂದ ಗೊತ್ತು. ಮಗಳು ಅತ್ತಿದ್ದನ್ನೆಲ್ಲ ನೋಡುತ್ತಾ ಸುಮ್ಮನಿದ್ದಾಳೆ.

ನನಗೆ ಮೈಯೆಲ್ಲ ಉರಿದು "ಅಯ್ಯೋ ಪಾಪಿ" ಅಂತ ಜೋರಾಗಿಯೇ ಅಂದುಬಿಟ್ಟೆ. ಆಗ ಅಮ್ಮ ಹೇಳಿದ್ದು ಆ ಮಾತು.

"ನಿನಗೆ ಹೇಗೆ ಗೊತ್ತು?" ಅಂದೆ.

"ಮೊದಲನೇ ಭಾಗ ಓದಿದೆ. ಎರಡನೆಯದೂ ಓದಿದೆ."

"ಯಾವಾಗ?"

"ನೀನು ಆಫೀಸಿಗೆ ಹೋದಾಗ."

"ಅದಲ್ಲ. ತಾಯಿಗೆ ಗೊತ್ತು ಅಂತ ನಿನಗೆ ಹೇಗೆ ಗೊತ್ತಾಯ್ತು? ಅದು ಬರೋದು ಮೂರನೇ ಭಾಗದಲ್ಲಿ."

ಅಮ್ಮ ಕನ್ನಡಕ ಹಾಕಿಕೊಂಡಳು. "ಹುಡುಗ ಹೋದ ಅಂತ ಸುದ್ದಿ ಬಂದಾಗ ಎಲ್ಲರೂ ಕೇಳ್ತಾರೆ. ಎಲ್ಲಿ, ಯಾವಾಗ, ಹೇಗೆ ಅಂತ. ಇವಳೊಬ್ಬಳು ಏನೂ ಕೇಳಲ್ಲ. ಎದ್ದು ಹೋಗಿ ಕಿಟಕಿ ಮುಚ್ತಾಳೆ. ಗೊತ್ತಿಲ್ಲದವರು ತಾನೇ ಕೇಳೋದು?"

ರಾತ್ರಿಯೇ ಮೊದಲನೇ ಭಾಗ ತೆಗೆದು ಹುಡುಕಿದೆ. ಇತ್ತು. ಒಂದೇ ಒಂದು ಸಾಲು. ಅದನ್ನು ಓದುವಾಗ ನಾನು ಪೆನ್ಸಿಲಿನಲ್ಲಿ ಪಕ್ಕದಲ್ಲಿ ಬರೆದುಕೊಂಡಿದ್ದೆ: "ಪಾಪ, ದುಃಖಕ್ಕೆ ಮಾತೇ ಹೊರಡುತ್ತಿಲ್ಲ." ಆ ಪೆನ್ಸಿಲ್ ಬರಹ ನೋಡಿ ನಾಚಿಕೆ ಆಯಿತು. ಅದನ್ನು ಅಮ್ಮನೂ ಓದಿರುತ್ತಾಳೆ ಅಂತ ಹೊಳೆದಾಗ ಇನ್ನೂ ನಾಚಿಕೆ ಆಯಿತು.

ಸುಳ್ಳು ಹೊದಿಕೆ ಹಾಕಿದವಳು ನಾನೊಬ್ಬಳೇ ಅಲ್ಲ ಅಂತ ಸಮಾಧಾನ ಮಾಡಿಕೊಂಡೆ. ಮನೆತನದ ಗುಟ್ಟು, ಹಳೇ ಪಾಪ, ಬಲವಂತದ ಮದುವೆ, ಇದೆಲ್ಲ ನಿನ್ನೆ ಮೊನ್ನೆಯ ಹುಚ್ಚೇನಲ್ಲ. ಹಳೇ ಕೋಟೆ, ಭಯ, ಗುಟ್ಟು ತುಂಬಿದ ಗಾಥಿಕ್ ಕಾದಂಬರಿಗಳಲ್ಲಿ ಮೊದಲನೆಯದು ಅಂತ ಸಾಮಾನ್ಯವಾಗಿ ಲೆಕ್ಕ ಹಿಡಿಯುವ ಪುಸ್ತಕ ಬಂದದ್ದು 1764ರಲ್ಲಿ, ಇಂಗ್ಲೆಂಡಿನಲ್ಲಿ. ಅದರಲ್ಲೂ ಅಜ್ಜ ಒಡೆಯನಿಗೆ ವಿಷ ಹಾಕಿ, ಸುಳ್ಳು ಉಯಿಲು ಸೃಷ್ಟಿಸಿ ಕೋಟೆ ಹೊಡೆದುಕೊಂಡಿರುತ್ತಾನೆ. ಮೊಮ್ಮಗ ಅದನ್ನು ಮುಚ್ಚಿಡಲು ಒದ್ದಾಡುತ್ತಾನೆ. ಬರೆದವನು ಹೊರೇಸ್ ವಾಲ್ಪೋಲ್, ಪ್ರಧಾನಿಯಾಗಿದ್ದವನ ಮಗ. ಇಂಥದ್ದನ್ನು ತಾನು ಬರೆದೆ ಅಂತ ಹೇಳಿಕೊಳ್ಳಲು ಅವನಿಗೂ ಧೈರ್ಯ ಇರಲಿಲ್ಲ. ಹಳೆಯ ಇಟಾಲಿಯನ್ ಪುಸ್ತಕವೊಂದು ಸಿಕ್ಕಿತು, ಇದು ಅದರ ಅನುವಾದ ಅಂತ ಬೇರೆ ಹೆಸರು ಹಾಕಿ ಅಚ್ಚು ಹಾಕಿಸಿದ. ಜನ ಮುಗಿಬಿದ್ದು ಓದಿದ ಮೇಲೆ 1765ರ ಎರಡನೇ ಮುದ್ರಣದಲ್ಲಿ ನಾನೇ ಬರೆದದ್ದು ಅಂತ ಒಪ್ಪಿಕೊಂಡ. ಮನೆಯ ಗುಟ್ಟಿನ ಕಥೆ ತಾನೇ ಒಂದು ಗುಟ್ಟಾಗಿ ಹೊರಬಂತು. ನನ್ನ ಸಮಯ ಉಳಿಸುವ ಹೊದಿಕೆ ಅದರ ಮುಂದೆ ಏನೂ ಅಲ್ಲ.

ಇಲ್ಲಿಗೆ ಇದು ಬರೀ ತಮಾಷೆಯಾಗಿ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬುಧವಾರ ಬೆಳಗ್ಗೆ ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ ಆ ಮಾತು ಮತ್ತೆ ಬಂತು. ಗೊತ್ತಿಲ್ಲದವರು ತಾನೇ ಕೇಳೋದು?

ಆರು ವರ್ಷದ ಹಿಂದೆ ನಾನು ಒಂದು ಕೆಲಸ ಬಿಟ್ಟಿದ್ದೆ. ಬಿಟ್ಟೆ ಅನ್ನುವುದು ಮರ್ಯಾದೆಯ ಮಾತು. ಮನೆಯಲ್ಲಿ ಹೇಳಲಿಲ್ಲ. ಅಪ್ಪ ಆಗ ಇರಲಿಲ್ಲ, ನನ್ನ ಸಂಬಳದ ಮೇಲೆ ಮನೆ ನಡೆಯುತ್ತಿತ್ತು. ಬೇರೆ ಕೆಲಸ ಸಿಕ್ಕ ಮೇಲೆ ಒಟ್ಟಿಗೇ ಹೇಳಿದರಾಯಿತು ಅಂದುಕೊಂಡೆ. ಅದು ಸಿಗಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳು ದಿನಾ ಬೆಳಗ್ಗೆ ಎಂಟೂವರೆಗೆ ಬ್ಯಾಗ್ ಹಾಕಿಕೊಂಡು ಹೊರಟು, ಲೈಬ್ರರಿಯಲ್ಲಿ ಕೂತು, ಸಂಜೆ ಆರಕ್ಕೆ ಸುಸ್ತಾದ ಮುಖ ಮಾಡಿಕೊಂಡು ಬರುತ್ತಿದ್ದೆ. ಅಕ್ಕನಿಗೆ ಮಾತ್ರ ಹೇಳಿದ್ದೆ.

ಮೈಕಲ್ ಸ್ಲೆಪಿಯನ್ ಅನ್ನುವ ಮನಶ್ಶಾಸ್ತ್ರಜ್ಞ ಗುಟ್ಟುಗಳ ಮೇಲೇ ಸಂಶೋಧನೆ ಮಾಡಿದ್ದಾನೆ. ಜನ ಮುಚ್ಚಿಡುವುದನ್ನೆಲ್ಲ 38 ಬಗೆಗಳಾಗಿ ವಿಂಗಡಿಸಿದ್ದಾನೆ. ಸರಾಸರಿ ಒಬ್ಬೊಬ್ಬರಲ್ಲಿ 13 ಬಗೆ ಇರುತ್ತವೆ, ಅದರಲ್ಲಿ 5 ಯಾರ ಹತ್ತಿರವೂ ಬಾಯಿ ಬಿಡದಂಥವು ಅನ್ನುತ್ತಾನೆ. ನನಗೆ ಈ ಅಂಕಿಗಳಿಗಿಂತ ಹಿಡಿಸಿದ್ದು ಅವನ ಇನ್ನೊಂದು ಮಾತು. ಗುಟ್ಟನ್ನು ಎದುರಿಗಿರುವವರಿಂದ ಮುಚ್ಚುವ ಹೊತ್ತು ಕಡಿಮೆ. ಒಬ್ಬರೇ ಇರುವಾಗ ಮನಸ್ಸು ಅದರ ಹತ್ತಿರ ಮತ್ತೆ ಮತ್ತೆ ಹೋಗುತ್ತದಲ್ಲ, ಸುಸ್ತು ಮಾಡುವುದು ಅದು. ಸತ್ಯ. ಅಮ್ಮನ ಎದುರು ಸುಳ್ಳು ಹೇಳಿದ್ದು ಒಟ್ಟು ಸೇರಿಸಿದರೂ ಒಂದು ಗಂಟೆ ಆಗಲಿಕ್ಕಿಲ್ಲ. ಲೈಬ್ರರಿಯಲ್ಲಿ ಕೂತ ಅಷ್ಟೂ ಹೊತ್ತು ಅದೇ ತಲೆಯಲ್ಲಿ.

ಮತ್ತೆ, ಸುಳ್ಳು ಹೇಳುವ ಸಂದರ್ಭವಾದರೂ ಎಷ್ಟು ಬಂತು? ಇದೇ ಬುಧವಾರ ನನ್ನ ಕಾಲು ಚಪ್ಪಲಿಯಲ್ಲೇ ನಿಲ್ಲಿಸಿದ್ದು. ಆ ಕೆಲಸ ಹೋಗುವ ಮೊದಲು ದಿನಾ ಸಂಜೆ ಅಮ್ಮ ಕೇಳುತ್ತಿದ್ದಳು, "ಇವತ್ತೇನಾಯ್ತು ಆಫೀಸಲ್ಲಿ?" ನನಗೆ ಕಿರಿಕಿರಿ ಆಗುವಷ್ಟು ಕೇಳುತ್ತಿದ್ದಳು. ಆ ನಾಲ್ಕು ತಿಂಗಳು ಒಂದು ಸಲವೂ ಕೇಳಿದ ನೆನಪಿಲ್ಲ. ನಾನು ಹೇಳಲು ಒಂದು ಕಥೆ ಕೂಡ ತಯಾರು ಮಾಡಿಟ್ಟುಕೊಂಡಿದ್ದೆ. ಇಲ್ಲದ ಒಬ್ಬ ಸಹೋದ್ಯೋಗಿ, ಅವಳ ಇಲ್ಲದ ಮದುವೆ, ಅದರಲ್ಲಿ ಇಲ್ಲದ ಜಗಳ. ಅದನ್ನು ಕೇಳುವವರೇ ಸಿಗಲಿಲ್ಲ. ಬಚಾವಾದೆ ಅಂತ ಖುಷಿಪಟ್ಟಿದ್ದೆ.

ಛತ್ರಿ. ದಿನಾ ಬ್ಯಾಗಿಗೆ ಛತ್ರಿ ಇಡುತ್ತಿದ್ದಳು. ಮಳೆಗಾಲವೇ ಅಲ್ಲ. "ಬಿಸಿಲಿಗೆ ಬೇಕಾಗುತ್ತೆ" ಅನ್ನುತ್ತಿದ್ದಳು. ಬೆಳಗ್ಗೆಯಿಂದ ಸಂಜೆವರೆಗೆ ಆಫೀಸಿನೊಳಗೆ ಕೂರುವವಳಿಗೆ ನಡುಮಧ್ಯಾಹ್ನದ ಬಿಸಿಲು ಎಲ್ಲಿಂದ ಬರುತ್ತೆ?

ಅಕ್ಕನಿಗೆ ಫೋನ್ ಮಾಡಿದೆ. "ಆಗ ನೀನು ಅಮ್ಮನಿಗೆ ಹೇಳಿದ್ಯಾ?" ಹೇಳಿಲ್ಲ ಅಂತ ಆಣೆ ಮಾಡಿದಳು. ನಾನು ನಂಬಲೂ ಇಲ್ಲ, ಬಿಡಲೂ ಇಲ್ಲ. ಆಮೇಲೆ ಅವಳು, "ಅದನ್ನೆಲ್ಲ ಈಗ ಯಾಕೆ ಕೆದಕ್ತೀಯ? ಮೂರನೇ ಭಾಗ ಮುಗೀತಾ?" ಅಂದಳು. ಕೊನೇ ಪುಟ ಮೊದಲೇ ಓದುವವರಿಗೆ ನಡುವೆ ಏನಾಯಿತು ಅನ್ನುವುದರ ಬಗ್ಗೆ ಆಸಕ್ತಿ ಕಡಿಮೆ, ಅಲ್ವಾ.

ಜೆನಿಫರ್ ಫ್ರೈಡ್ ಅನ್ನುವ ಮನಶ್ಶಾಸ್ತ್ರಜ್ಞೆ 1990ರ ದಶಕದಲ್ಲಿ ಒಂದು ವಾದ ಮುಂದಿಟ್ಟರು. ನಾವು ಯಾರನ್ನು ನಂಬಿ ಬದುಕುತ್ತಿದ್ದೇವೋ ಅವರೇ ದ್ರೋಹ ಮಾಡಿದರೆ, ಅದು ಕಣ್ಣೆದುರಿಗಿದ್ದರೂ ನಮಗೆ ಕಾಣದೆ ಹೋಗಬಹುದು. ಕಂಡರೆ ಅವರನ್ನು ಬಿಡಬೇಕಾಗುತ್ತೆ, ಬಿಟ್ಟರೆ ಬದುಕುವುದು ಹೇಗೆ? ನಾಯಕಿ ಎರಡು ಭಾಗ ಪೂರ್ತಿ ತನ್ನ ತಾಯಿಯನ್ನು ಅನುಮಾನಿಸದೆ ಇದ್ದದ್ದಕ್ಕೆ ನನಗೆ ಸಿಟ್ಟು ಬಂದಿತ್ತು. ಇಷ್ಟೂ ಗೊತ್ತಾಗಲ್ವಾ ಅಂತ ಬೈದಿದ್ದೆ. ಈಗ ಅವಳ ಮೇಲೆ ಸಿಟ್ಟಿಲ್ಲ. ತಾಯಿಯ ಮೇಲೆ ಇದೆಯಾ? ಅದೂ ಸರಿಯಾಗಿ ಹೇಳಲಾರೆ. ಗೊತ್ತಿದ್ದೂ ಸುಮ್ಮನಿದ್ದದ್ದಕ್ಕೆ ಅವಳನ್ನು ಪಾಪಿ ಅಂದೆ. ನಮ್ಮಮ್ಮನೂ ಗೊತ್ತಿದ್ದೇ ಸುಮ್ಮನಿದ್ದಳಾ? ಇದ್ದಳು ಅಂತಾದರೆ ಆ ಸುಮ್ಮನಿದ್ದದ್ದರ ಮರೆಯಲ್ಲೇ ನಾನು ತಲೆ ಎತ್ತಿಕೊಂಡು ಇಂಟರ್‌ವ್ಯೂಗಳಿಗೆ ಹೋಗಿ ಬಂದೆ. ಒಂದು ದಿನ ಕೇಳಿಬಿಟ್ಟಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ. ಅದು ನನಗೆ ಗೊತ್ತು. ಅವಳಿಗೂ ಗೊತ್ತಿತ್ತೇನೋ. ಆದರೆ ಆ ನಾಲ್ಕು ತಿಂಗಳು ಮನೆ ಖರ್ಚು ಕಡಿಮೆ ಬಂದದ್ದು ಹೇಗೆ, ಅಮ್ಮನ ಕೈಯ ಬಳೆ ಯಾವಾಗ ಒಂದು ಜೊತೆ ಕಡಿಮೆ ಆಯಿತು, ಇದನ್ನೆಲ್ಲ ನಾನು ನೋಡಲೇ ಇಲ್ಲ. ಫ್ರೈಡ್ ಹೇಳಿದ್ದು ಮೋಸ ಹೋದವರ ಬಗ್ಗೆ. ಮೋಸ ಮಾಡುವವರಿಗೂ ಕಣ್ಣು ಕಾಣಲ್ಲ ಅಂತ ನಾನು ಸೇರಿಸುತ್ತೇನೆ.

ಗುರುವಾರ ಸಂಜೆ ಕೇಳಿಯೇಬಿಡುವುದು ಅಂತ ಬಂದೆ. ಅಮ್ಮ ಮೂರನೇ ಭಾಗ ಹಿಡಿದು ಕೂತಿದ್ದಳು. ಸಮಯ ಉಳಿಸುವ ಹೊದಿಕೆ ತೆಗೆದು ಪಕ್ಕಕ್ಕೆ ಇಟ್ಟಿದ್ದಳು, ನೀಟಾಗಿ ಮಡಿಸಿ. ಎದುರಿಗೆ ಕೂತೆ. ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ಅವಳು ಮಾಡಿದ್ದು ದ್ರೋಹ ಅಲ್ವಾ ಅಮ್ಮ? ಆ ತಾಯಿ."

"ಇರಬಹುದು." ಪುಟದಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಆ ಕಿಟಕಿ ಯಾಕೆ ಮುಚ್ಚಿದಳು ಅಂತ ನೀನು ಯೋಚನೆ ಮಾಡಿದ್ಯಾ? ಆಗ ಹೊರಗೆ ಯಾರಿದ್ರು?"

ನಾನು ಯೋಚನೆ ಮಾಡಿರಲಿಲ್ಲ.

ನಾಲ್ಕನೇ ಭಾಗವನ್ನು ನನ್ನ ದಿಂಬಿನ ಕೆಳಗೆ ಇಟ್ಟಿದ್ದೆ. ಶುಕ್ರವಾರದಿಂದ ಅದು ಅಲ್ಲಿಲ್ಲ. ಇವತ್ತಿಗೆ ಮೂರು ದಿನ. ನಾನು ಕೇಳಿಲ್ಲ.