ಇಲ್ಲದ ಫೈಲಿಗೂ 200 ಅನ್ನುವ ಸರ್ವರ್

ಹತ್ತಿ ಸೀಸನ್ ಜೋರಾದಾಗ ರಾಯಚೂರಿನ ಗಂಜ್‌ನಲ್ಲಿ (ಕೃಷಿ ಮಾರುಕಟ್ಟೆಯಲ್ಲಿ) ಯಾವುದಾದರೂ ಅಡತಿ ಅಂಗಡಿಯ ಗುಮಾಸ್ತರ ಕಂಪ್ಯೂಟರ್ ನೋಡಿ. ಒಂದೇ ಕ್ರೋಮ್‌ನಲ್ಲಿ ಇ-ಟೆಂಡರ್, ಜಿಎಸ್‌ಟಿ, ಇ-ವೇ ಬಿಲ್, ಬ್ಯಾಂಕ್, ವಾಟ್ಸಾಪ್ ವೆಬ್ ಎಲ್ಲ ತೆರೆದಿರುತ್ತವೆ. ಅದರ ಜೊತೆ, ತೂಕ, ದರ, ಹಮಾಲಿ ಲೆಕ್ಕದ ಚೀಟಿ ಬರೆಯಲು ನಾವು ಮಾಡಿಕೊಟ್ಟ ತಕ್‌ಪಟ್ಟಿ ಆ್ಯಪ್. ಪ್ರಿಂಟಿಗೆ ತೆಗೆದ ಪಿಡಿಎಫ್‌ಗಳು ಬೇರೆ. ಟ್ಯಾಬ್ ಜಾಸ್ತಿಯಾದಷ್ಟೂ ಹೆಸರು ಕಿರಿದಾಗುತ್ತಾ ಹೋಗಿ ಕೊನೆಗೆ ಐಕಾನ್ ಒಂದೇ ಕಾಣುತ್ತದೆ. ವಾಟ್ಸಾಪ್‌ಗೆ ಹಸಿರು, ಬ್ಯಾಂಕಿಗೆ ಅದರ ಗುರುತು. ನಮ್ಮ ಆ್ಯಪ್‌ಗೆ ಮಾತ್ರ ಬೂದು ಬಣ್ಣದ ಗೋಳ. ಐಕಾನ್ ಸಿಗದಿದ್ದರೆ ಕ್ರೋಮ್ ತಾನೇ ಹಾಕಿಕೊಳ್ಳುವ ಗೋಳ ಅದು.

"ಇದ್ರಾಗ ನಿಮ್ದು ಯಾವ್ದ್ರಿ ಸರ್? ಒಂದೊಂದೇ ಒತ್ತಿ ನೋಡ್ಬೇಕಾಗ್ತೈತಿ" ಅಂತ ಗುಮಾಸ್ತರು ನಮಗೆ ಮೊದಲಿಂದ ಹೇಳುತ್ತಲೇ ಇದ್ದರು. ಪಿಡಿಎಫ್ ಟ್ಯಾಬ್ ಅಂದುಕೊಂಡು ಅರ್ಧ ತುಂಬಿದ ತಕ್‌ಪಟ್ಟಿಯನ್ನೇ ಮುಚ್ಚಿಬಿಟ್ಟದ್ದೂ ಉಂಟು. ಎದುರಿಗೆ ರೈತ ನಿಂತಿರುತ್ತಾನೆ. ಹೊರಗೆ ಅವನ ಗಾಡಿಯ ಬಾಡಿಗೆ ಏರುತ್ತಿರುತ್ತದೆ. ಇದನ್ನೆಲ್ಲ ಬರೆದು ಟಿಕೆಟ್ (ಕೆಲಸದ ಕೋರಿಕೆ) ಹಾಕಿದೆವು. ಮ್ಯಾನೇಜರ್ ಅದಕ್ಕೆ 'ಕಾಸ್ಮೆಟಿಕ್' ಅಂತ ಹಣೆಪಟ್ಟಿ ಹಚ್ಚಿ ಬ್ಯಾಕ್‌ಲಾಗ್‌ನ, ಅಂದ್ರೆ ಬಾಕಿ ಕೆಲಸಗಳ ಪಟ್ಟಿಯ, ತಳಕ್ಕೆ ತಳ್ಳಿದರು. ನನಗೆ ಇವತ್ತಿಗೂ ಅದು ಒಪ್ಪಿಗೆಯಿಲ್ಲ. ದಿನವಿಡೀ ಆ ಟ್ಯಾಬ್‌ಗಳ ನಡುವೆಯೇ ದುಡಿಯುವವರಿಗೆ ಅದು ಅಲಂಕಾರ ಅಲ್ಲ, ದಾರಿ ಹುಡುಕುವ ಗುರುತು.

ಕೊನೆಗೆ ಟಿಕೆಟ್ ನಾನೇ ಎತ್ತಿಕೊಂಡೆ. ನಮ್ಮದು ವೆಬ್‌ಪ್ಯಾಕ್ ಬಿಲ್ಡ್, ಅಂದ್ರೆ ನಾವು ಬರೆದ ಕೋಡನ್ನು ಸರ್ವರ್‌ಗೆ ಹಾಕುವ ಫೈಲುಗಳಾಗಿ ಕಟ್ಟುವುದು ವೆಬ್‌ಪ್ಯಾಕ್ ಅನ್ನುವ ಉಪಕರಣ. ಎಚ್‌ಟಿಎಂಎಲ್ ಪುಟವನ್ನು ಅದಕ್ಕೆ ಜೋಡಿಸಿದ ಎಚ್‌ಟಿಎಂಎಲ್ ವೆಬ್‌ಪ್ಯಾಕ್ ಪ್ಲಗಿನ್ ತಯಾರು ಮಾಡುತ್ತದೆ. ಮೂಲ ಕೋಡ್ ಇರುವ ಎಸ್‌ಆರ್‌ಸಿಯ ಅಸೆಟ್ಸ್ ಫೋಲ್ಡರಿಗೆ ಒಂದು ಪಿಎನ್‌ಜಿ ಚಿತ್ರ ಹಾಕಿದೆ. ಪುಟದ ಟೆಂಪ್ಲೇಟ್‌ನಲ್ಲಿ, ಐಕಾನ್ ಎಲ್ಲಿದೆ ಅಂತ ಬ್ರೌಸರ್‌ಗೆ ಹೇಳುವ ಲಿಂಕ್ ಟ್ಯಾಗ್ ಬರೆದೆ. ನಮ್ಮದೇ ಕಂಪ್ಯೂಟರಿನಲ್ಲಿ ಓಡುವ ಡೆವ್ ಸರ್ವರ್‌ನಲ್ಲಿ ಐಕಾನ್ ಚೆನ್ನಾಗಿ ಬಂತು. ಪಿಆರ್ (ಕೋಡಿಗೆ ಬದಲಾವಣೆ ಸೇರಿಸುವ ಕೋರಿಕೆ) ಪಾಸಾಯಿತು. ಪರೀಕ್ಷೆಯ ಸರ್ವರ್ ಆದ ಸ್ಟೇಜಿಂಗ್‌ನಲ್ಲಿ ನೋಡೋಣ ಅಂದ್ರೆ ಆ ಸರ್ವರ್ ಇನ್ನೊಂದು ಟೀಮಿನ ಡೆಮೊಗೆ ಹೋಗಿತ್ತು. ಇರುವ ಒಂದು ಸ್ಟೇಜಿಂಗ್ ಅನ್ನು ಎಲ್ಲರೂ ಹಂಚಿಕೊಳ್ಳಬೇಕು, ಯಾವಾಗ ಕೇಳಿದರೂ ಬಜೆಟ್ ಇಲ್ಲ. ಒಂದು ಐಕಾನ್ ತಾನೇ ಅಂತ ನೇರವಾಗಿ ಗಿರಾಕಿಗಳು ಬಳಸುವ ಪ್ರೊಡಕ್ಷನ್‌ಗೆ ಬಿಟ್ಟೆವು.

ಬೆಳಿಗ್ಗೆ ವ್ಯಾಪಾರ ಶುರುವಾಗುವ ಮುಂಚೆ ನಾನು ಅಂಗಡಿಯಲ್ಲೇ ಇದ್ದೆ. ಆಫೀಸಿನಿಂದ ಡಿಪ್ಲಾಯ್ (ಹೊಸ ಕೋಡ್ ಸರ್ವರ್‌ಗೆ ಹಾಕುವುದು) ಮುಗಿಯಿತು ಅಂತ ಫೋನ್ ಬಂತು. ಗುಮಾಸ್ತರ ಕಂಪ್ಯೂಟರಿನಲ್ಲಿ ರಿಫ್ರೆಶ್ ಮಾಡಿದೆ. ಅದೇ ಗೋಳ. ಕಂಟ್ರೋಲ್ ಶಿಫ್ಟ್ ಆರ್ ಒತ್ತಿದೆ. ಗೋಳ ಕದಲಲಿಲ್ಲ. ನನ್ನ ಲ್ಯಾಪ್‌ಟಾಪ್ ತೆಗೆದು ಐಕಾನಿನ ವಿಳಾಸಕ್ಕೆ ಕರ್ಲ್ ಹೊಡೆದೆ, ಅಂದ್ರೆ ಬ್ರೌಸರ್ ಇಲ್ಲದೆ ಸರ್ವರನ್ನೇ ನೇರವಾಗಿ ಕೇಳಿದೆ. ಮೊದಲ ಸಾಲು 200 ಓಕೆ, ಅಂದ್ರೆ ಕೇಳಿದ್ದು ಸಿಕ್ಕಿತು ಅನ್ನುವ ಸಂಕೇತ. ಸರ್ವರ್‌ನಲ್ಲಿ ಫೈಲ್ ಇದೆ, ಹಾಗಾಗಿ ತಪ್ಪು ಬ್ರೌಸರ್ ಕ್ಯಾಶ್‌ನದೇ (ಮೊದಲೇ ತಂದು ಇಟ್ಟುಕೊಂಡ ನಕಲಿನದೇ) ಅಂತ ಆ ಕ್ಷಣ ತೀರ್ಮಾನಿಸಿಬಿಟ್ಟೆ. ಐಕಾನಿಗೆ ಬ್ರೌಸರ್ ಬೇರೆಯದೇ ಕ್ಯಾಶ್ ಇಟ್ಟುಕೊಳ್ಳುತ್ತದೆ, ಸಾಮಾನ್ಯ ರಿಫ್ರೆಶ್‌ಗೆ ಅದು ಬಗ್ಗುವುದಿಲ್ಲ ಅನ್ನುವುದು ನಿಜ. ಗೊತ್ತಿರುವ ಆ ನಿಜವೇ ಅವತ್ತು ನನ್ನ ಕಣ್ಣು ಕಟ್ಟಿತು.

ಸೆಟ್ಟಿಂಗ್ಸ್‌ಗೆ ಹೋಗಿ ಬ್ರೌಸಿಂಗ್ ಡೇಟಾ ಅಳಿಸುವ ಕಿಟಕಿ ತೆರೆದೆ. ಕ್ಯಾಶ್ ಆದ ಚಿತ್ರಗಳು ಅನ್ನುವ ಚೌಕದಲ್ಲಿ ಟಿಕ್ ಇತ್ತು. ಕುಕೀಸ್ ಮತ್ತು ಸೈಟ್ ಡೇಟಾ ಅನ್ನುವುದರಲ್ಲೂ ಟಿಕ್ ಇತ್ತು. ಅದನ್ನು ತೆಗೆಯದೆ ಒತ್ತಿದೆ.

ಎಲ್ಲ ಟ್ಯಾಬ್‌ಗಳೂ ಲಾಗೌಟ್ ಆದವು. ಇ-ಟೆಂಡರ್ ಹೋಯಿತು, ಬ್ಯಾಂಕ್ ಹೋಯಿತು, ವಾಟ್ಸಾಪ್ ಮತ್ತೆ ಕ್ಯೂಆರ್ ಕೇಳಿತು. ಒಟಿಪಿ ಬರುವುದು ಸಾಹುಕಾರರ ಫೋನಿಗೆ. ಸಾಹುಕಾರರು ಜಿನ್ನಿಂಗ್ ಮಿಲ್ಲಿನಲ್ಲಿ ತೂಕದ ಹತ್ತಿರ ಇದ್ದಾರೆ, ಫೋನ್ ಎತ್ತುತ್ತಿಲ್ಲ. ಅದಕ್ಕಿಂತ ದೊಡ್ಡ ನೋವು ಇನ್ನೊಂದು. ನಮ್ಮ ಆ್ಯಪ್ ಅರ್ಧ ತುಂಬಿದ ತಕ್‌ಪಟ್ಟಿಗಳನ್ನು ಬ್ರೌಸರ್‌ನ ಒಳಗಿನ ಲೋಕಲ್ ಸ್ಟೋರೇಜ್‌ನಲ್ಲಿ ಇಡುತ್ತಿತ್ತು. ಸೈಟ್ ಡೇಟಾ ಜೊತೆ ಅವೂ ಅಳಿಸಿಹೋದವು. ಹಿಂದಿನ ಸಂಜೆ ಗುಮಾಸ್ತರು ಕೂತು ತುಂಬಿದ್ದ ತೂಕ, ದರ, ಹಮಾಲಿ ಲೆಕ್ಕ ಯಾವುದೂ ಉಳಿಯಲಿಲ್ಲ. ಅವರು ನನ್ನ ಮೇಲೆ ಕೂಗಾಡಲಿಲ್ಲ. ಕಪಾಟಿನಿಂದ ತೂಕದ ಪುಸ್ತಕ ತೆಗೆದರು, ಬೆರಳಿಟ್ಟು ಒಂದೊಂದೇ ಸಾಲು ಓದತೊಡಗಿದರು. "ನೀವು ಟೈಪ್ ಮಾಡ್ರಿ ಸರ್, ನಾ ಹೇಳ್ತೀನಿ" ಅಂದರು. ಬಾಗಿಲಲ್ಲಿ ರೈತರು ಬಂದು ನಿಲ್ಲತೊಡಗಿದ್ದರು. ಆ ಪುಸ್ತಕ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಇಷ್ಟಾದರೂ ಟ್ಯಾಬ್‌ನಲ್ಲಿ ಅದೇ ಬೂದು ಗೋಳ.

ನಿಜವಾದ ಕಾರಣ ಕಂಡುಹಿಡಿದದ್ದು ಆಫೀಸಿನಲ್ಲಿ ಹೊಸದಾಗಿ ಸೇರಿದ್ದ ಹುಡುಗಿ. ನಾನು ಕಳಿಸಿದ ಕರ್ಲ್ ಸ್ಕ್ರೀನ್‌ಶಾಟ್ ನೋಡಿ ಫೋನ್ ಮಾಡಿದಳು. "ಸರ್, ಮೊದಲ್ನೇ ಸಾಲು ಬಿಡ್ರಿ. ಕೆಳಗ ಕಂಟೆಂಟ್ ಟೈಪ್ ನೋಡ್ರಿ. ಟೆಕ್ಸ್ಟ್ ಎಚ್‌ಟಿಎಂಎಲ್ ಅಂತ ಐತಿ. ಅದು ಚಿತ್ರ ಅಲ್ಲ." ಐಕಾನಿನ ವಿಳಾಸವನ್ನೇ ಬ್ರೌಸರಿನಲ್ಲಿ ತೆರೆದು ನೋಡಿದೆ. ಚಿತ್ರ ಬರಬೇಕಿದ್ದ ಜಾಗದಲ್ಲಿ ನಮ್ಮ ಲಾಗಿನ್ ಪುಟ ಬಂತು.

ಆಗಿದ್ದು ಇಷ್ಟು. ವೆಬ್‌ಪ್ಯಾಕ್ ತಾನು ಕಂಡ ಫೈಲನ್ನಷ್ಟೇ ಸರ್ವರ್‌ಗೆ ಹೋಗುವ ಡಿಸ್ಟ್ ಫೋಲ್ಡರಿಗೆ ಒಯ್ಯುತ್ತದೆ. ಕೋಡ್‌ನಲ್ಲಿ ಇಂಪೋರ್ಟ್ ಮಾಡಿದರೆ ಕಾಣುತ್ತದೆ, ಪ್ಲಗಿನ್ ಹೇಳಿದರೆ ಕಾಣುತ್ತದೆ. ಎಚ್‌ಟಿಎಂಎಲ್ ಟೆಂಪ್ಲೇಟ್‌ನಲ್ಲಿ ಕೈಯಾರೆ ಬರೆದ ಲಿಂಕ್ ಟ್ಯಾಗ್ ಅದರ ಪಾಲಿಗೆ ಬರೀ ಅಕ್ಷರ. ಎಚ್‌ಟಿಎಂಎಲ್ ಲೋಡರ್ ಅನ್ನುವ ಜೋಡಣೆ ಇದ್ದಿದ್ದರೆ ಆ ದಾರಿಯನ್ನೂ ಹಿಡಿಯುತ್ತಿತ್ತು, ನಮ್ಮಲ್ಲಿ ಅದು ಇರಲಿಲ್ಲ. ಡೆವ್ ಸರ್ವರ್‌ನಲ್ಲಿ ಯಾರೋ ಹಿಂದೆ ಎಸ್‌ಆರ್‌ಸಿ ಫೋಲ್ಡರನ್ನೂ ಸ್ಟ್ಯಾಟಿಕ್ ಅಂತ, ಅಂದ್ರೆ ಇದ್ದ ಹಾಗೇ ಬ್ರೌಸರ್‌ಗೆ ಕೊಡುವ ಫೋಲ್ಡರ್ ಅಂತ, ಕೊಟ್ಟಿದ್ದರು. ಅದಕ್ಕೇ ಅಲ್ಲಿ ಐಕಾನ್ ಬಂದಿತ್ತು. ಪ್ರೊಡಕ್ಷನ್ ಡಿಸ್ಟ್‌ನಲ್ಲಿ ಆ ಫೈಲೇ ಇಲ್ಲ.

ಇಲ್ಲದಿದ್ದರೆ 404, ಅಂದ್ರೆ ಸಿಗಲಿಲ್ಲ ಅನ್ನುವ ಸಂಕೇತ, ಬರಬೇಕು, ಅಲ್ವಾ? ಬರಲಿಲ್ಲ. ನಮ್ಮ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ಕಾನ್ಫಿಗ್‌ನಲ್ಲಿ ಟ್ರೈ ಫೈಲ್ಸ್ ಸಾಲು ಇದೆ. ಕೇಳಿದ ಫೈಲ್ ಇದ್ದರೆ ಕೊಡು, ಇಲ್ಲದಿದ್ದರೆ ಇಂಡೆಕ್ಸ್ ಪುಟ ಕೊಡು ಅನ್ನುವ ಸಾಲು. ಒಂದೇ ಇಂಡೆಕ್ಸ್ ಪುಟದಿಂದ ಎಲ್ಲ ಪುಟ ತೋರಿಸುವ ಸಿಂಗಲ್ ಪೇಜ್ ಆ್ಯಪ್‌ಗೆ ಅದು ಬೇಕೇ ಬೇಕು. ಅದಿಲ್ಲದೆ ಯಾವುದೋ ತಕ್‌ಪಟ್ಟಿಯ ಪುಟದಲ್ಲಿ ರಿಫ್ರೆಶ್ ಒತ್ತಿದರೆ ಪುಟ ಸಿಗುವುದಿಲ್ಲ. ಆದರೆ ಅದೇ ಸಾಲು ಇಲ್ಲದ ಚಿತ್ರಕ್ಕೂ ಇಂಡೆಕ್ಸ್ ಪುಟ ಕೊಟ್ಟು ಮೇಲೆ 200 ಅಂತ ಮುದ್ರೆ ಒತ್ತುತ್ತದೆ. ಯಾವ ಅಂಗಡಿ ಕೇಳಿದರೂ "ಹೌದ್ರಿ, ಇಲ್ಲೇ ಐತಿ" ಅಂತ ಗಂಜ್‌ನ ಮುಖ್ಯ ಗೇಟನ್ನೇ ತೋರಿಸುವವನ ಹಾಗೆ. ಬ್ರೌಸರ್‌ಗೆ ಐಕಾನ್ ಬದಲು ಎಚ್‌ಟಿಎಂಎಲ್ ಸಿಕ್ಕಿತು. ಅದನ್ನು ಚಿತ್ರ ಮಾಡಲಾಗದೆ ಸುಮ್ನೆ ಗೋಳ ಹಾಕಿಕೊಂಡಿತು. ಯಾವ ಲಾಗ್‌ನಲ್ಲೂ ಕೆಂಪು ಗೆರೆ ಇಲ್ಲ, ಯಾವ ಅಲರ್ಟೂ ಇಲ್ಲ.

ಮೊದಲ ಫಿಕ್ಸ್ ಅವಸರದ್ದು. ಕಾಪಿ ಪ್ಲಗಿನ್‌ನಿಂದ ಅಸೆಟ್ಸ್ ಫೋಲ್ಡರನ್ನು ಡಿಸ್ಟ್‌ಗೆ ನಕಲು ಮಾಡಿಸಿದೆವು. ಲಾಗಿನ್ ಪುಟದಲ್ಲಿ ಐಕಾನ್ ಬಂತು. ಡ್ಯಾಶ್‌ಬೋರ್ಡ್‌ನಲ್ಲೂ ಬಂತು. ಗುಮಾಸ್ತರು ಬುಕ್‌ಮಾರ್ಕ್‌ನಿಂದ ನೇರವಾಗಿ ಒಂದು ತಕ್‌ಪಟ್ಟಿ ತೆರೆದರೆ ಮತ್ತೆ ಗೋಳ. ಲಿಂಕ್‌ನ ವಿಳಾಸ ಚುಕ್ಕೆ ಸ್ಲ್ಯಾಶ್‌ನಿಂದ ಶುರುವಾಗಿತ್ತು. ಹಾಗೆ ಬರೆದರೆ ಬ್ರೌಸರ್ ಈಗಿರುವ ಪುಟದ ಜಾಗದಿಂದ ಲೆಕ್ಕ ಹಾಕುತ್ತದೆ. ತಕ್‌ಪಟ್ಟಿ ಪುಟದ ವಿಳಾಸ ಒಂದು ಹಂತ ಒಳಗಿದೆ. ಹಾಗಾಗಿ ಅದು ತಕ್‌ಪಟ್ಟಿಯ ಒಳಗೆ ಅಸೆಟ್ಸ್ ಹುಡುಕಿತು. ಅಲ್ಲಿ ಏನೂ ಇಲ್ಲ, ಸರ್ವರ್ ಮತ್ತೆ 200.

ಸರಿಯಾದ ದಾರಿ ಪ್ಲಗಿನ್‌ನಲ್ಲೇ ಇತ್ತು. ಎಚ್‌ಟಿಎಂಎಲ್ ವೆಬ್‌ಪ್ಯಾಕ್ ಪ್ಲಗಿನ್‌ಗೆ ಫೆವಿಕಾನ್ (ಟ್ಯಾಬ್ ಐಕಾನಿಗೆ ಇರುವ ಹೆಸರು) ಅನ್ನುವ ಆಪ್ಷನ್ ಇದೆ. ಅದಕ್ಕೆ ಫೈಲಿನ ದಾರಿ ಕೊಟ್ಟರೆ ತಾನೇ ಡಿಸ್ಟ್‌ಗೆ ಹಾಕುತ್ತದೆ, ತಾನೇ ಲಿಂಕ್ ಟ್ಯಾಗ್ ಬರೆಯುತ್ತದೆ. ಪಬ್ಲಿಕ್ ಪಾತ್ ಅನ್ನುವ ಸೆಟ್ಟಿಂಗ್ ಸ್ಲ್ಯಾಶ್ ಅಂತ ಇದ್ದರೆ ವಿಳಾಸ ರೂಟ್‌ನಿಂದಲೇ, ಅಂದ್ರೆ ಸೈಟಿನ ಬುಡದಿಂದಲೇ, ಶುರುವಾಗುತ್ತದೆ. ಫೈಲ್ ಇಲ್ಲದಿದ್ದರೆ ಬಿಲ್ಡ್ ಅಲ್ಲೇ ಎರರ್ ಕೊಡುತ್ತದೆ. ನನಗೆ ಈ ಕೊನೆಯದೇ ಮುಖ್ಯ. ಕೈಯಲ್ಲಿ ಬರೆದ ಟ್ಯಾಗ್ ಕಿತ್ತು ಬಿಸಾಕಿದೆವು. ಹೊಸ ಪ್ರಾಜೆಕ್ಟ್‌ಗಳು ವೀಟ್ ಅನ್ನುವ ಬೇರೆ ಬಿಲ್ಡ್ ಉಪಕರಣದಲ್ಲಿವೆ, ಅಲ್ಲಿ ಪಬ್ಲಿಕ್ ಫೋಲ್ಡರಿನಲ್ಲಿ ಇಟ್ಟದ್ದು ಹಾಗೇ ಡಿಸ್ಟ್‌ನ ರೂಟ್‌ಗೆ ಬರುತ್ತದೆ. ಆ್ಯಪ್ ಸಬ್‌ಫೋಲ್ಡರಿನಲ್ಲಿ ಕೂತರೆ ಬೇಸ್ (ಶುರುವಿನ ವಿಳಾಸ) ಸೆಟ್ ಮಾಡಬೇಕು, ಅಷ್ಟೇ.

ಪಿಡಿಎಫ್ ಟ್ಯಾಬ್‌ಗಳ ವಿಷಯ ಬೇರೆ. ಪಿಡಿಎಫ್‌ನಲ್ಲಿ ಲಿಂಕ್ ಟ್ಯಾಗ್ ಎಲ್ಲಿಂದ ಬರಬೇಕು? ಟ್ಯಾಗ್ ಸಿಗದಿದ್ದರೆ ಬ್ರೌಸರ್ ರೂಟ್‌ನಲ್ಲಿ ಫೆವಿಕಾನ್ ಡಾಟ್ ಐಕೋ ಇದೆಯಾ ಅಂತ ಕೇಳುತ್ತದೆ. 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ತಂದ ರೂಢಿ, ಇನ್ನೂ ನಡೆದಿದೆ. ಅದಕ್ಕೇ ಆ ಹೆಸರಿನ ಫೈಲೊಂದನ್ನು ರೂಟ್‌ನಲ್ಲೂ ಇಟ್ಟೆವು.

ಐಕಾನ್ ಏನಿರಬೇಕು ಅನ್ನುವುದಕ್ಕೂ ಜಗಳವಾಯಿತು. ಮ್ಯಾನೇಜರ್‌ಗೆ ಕಂಪನಿಯ ಪೂರ್ತಿ ಲೋಗೋ, ಹೆಸರು ಸಮೇತ ಬೇಕಿತ್ತು. ಮಾಮೂಲಿ ಪರದೆಯ ಟ್ಯಾಬ್‌ನಲ್ಲಿ ಐಕಾನಿಗೆ ಸಿಗುವುದು ಅಡ್ಡ 16, ಉದ್ದ 16 ಪಿಕ್ಸೆಲ್. ಅಷ್ಟರಲ್ಲಿ ಹೆಸರು ಹಾಕಿದರೆ ಬೂದು ಗೀಟು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಆಮೇಲೆ ಬಿಳಿ ಹತ್ತಿಕಾಯಿ ಬರೆದು ನೋಡಿದೆವು. ಎಸಳುಗಳೆಲ್ಲ ಕಲಸಿ ಒಂದು ಉಂಡೆಯಾಯಿತು, ಬಿಳಿ ಟ್ಯಾಬ್ ಮೇಲೆ ಅದೂ ಮಾಯ. ಕೊನೆಗೆ ಕಡು ಕಿತ್ತಳೆ ಚೌಕದ ಮೇಲೆ ದಪ್ಪ ಬಿಳಿ 'ತ' ಅಕ್ಷರ. ಗೆರೆ ಎರಡು ಪಿಕ್ಸೆಲ್ ದಪ್ಪ ಮಾಡಿ, ಒಳಗಿನ ತಿರುವನ್ನು ಕೈಯಾರೆ ತೆರೆದ ಮೇಲೆ ಓದಲು ಬಂತು. ಕಿತ್ತಳೆ ಯಾಕೆ ಅಂದ್ರೆ ಗುಮಾಸ್ತರ ಟ್ಯಾಬ್ ಸಾಲಿನಲ್ಲಿ ಬೇರೆ ಯಾವುದಕ್ಕೂ ಆ ಬಣ್ಣ ಇರಲಿಲ್ಲ. ಲೋಗೋ ಫೈಲ್ ಹಿಡಿದು ವಾದ ಮಾಡುವ ಬದಲು ಅವರ ಪರದೆಯ ಫೋಟೋ ತೋರಿಸಿದೆ. ಮ್ಯಾನೇಜರ್ ಒಪ್ಪಿಕೊಂಡರು.

ಐಕಾನ್ ಬದಲಾದಾಗೆಲ್ಲ ಫೈಲಿನ ಹೆಸರನ್ನೂ ಬದಲಿಸುತ್ತೇವೆ. ವಿಳಾಸ ಹೊಸದಾದರೆ ಬ್ರೌಸರ್ ಹೊಸದಾಗಿ ತರುತ್ತದೆ, ಗಿರಾಕಿಯ ಕ್ಯಾಶ್ ಮುಟ್ಟುವ ಗೋಜೇ ಇಲ್ಲ. ಪರೀಕ್ಷೆ ಮಾಡಬೇಕಾದರೆ ಇನ್‌ಕಾಗ್ನಿಟೊ ಕಿಟಕಿ ಇದೆ. ದುಡಿಯುವವರ ಕಂಪ್ಯೂಟರಿನಲ್ಲಿ ಸೈಟ್ ಡೇಟಾ ಅಳಿಸಬಾರದು ಅಂತ ಟೀಮಿನ ರನ್‌ಬುಕ್‌ನಲ್ಲಿ (ಕೆಲಸದ ಕೈಪಿಡಿಯಲ್ಲಿ) ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಅರ್ಧ ತುಂಬಿದ ತಕ್‌ಪಟ್ಟಿಗಳು ಈಗ ಸರ್ವರ್‌ನಲ್ಲೇ ಸೇವ್ ಆಗುತ್ತವೆ. ಆ ಬೆಳಗಿನ ಪೆಟ್ಟು ಬಿದ್ದ ಮೇಲಷ್ಟೇ ಆ ಕೆಲಸಕ್ಕೆ ಮ್ಯಾನೇಜ್‌ಮೆಂಟ್ ಸಮಯ ಕೊಟ್ಟಿತು.

ಎಂಜಿನ್‌ಎಕ್ಸ್‌ನಲ್ಲಿ ಅಸೆಟ್ಸ್ ಫೋಲ್ಡರಿಗೂ ಫೆವಿಕಾನ್ ಡಾಟ್ ಐಕೋಗೂ ಬೇರೆ ಲೊಕೇಶನ್ ಬ್ಲಾಕ್ (ಆ ವಿಳಾಸಕ್ಕಷ್ಟೇ ಅನ್ವಯಿಸುವ ನಿಯಮ) ಬರೆದೆವು. ಅಲ್ಲಿ ಫೈಲ್ ಇಲ್ಲದಿದ್ದರೆ 404, ಇಂಡೆಕ್ಸ್ ಪುಟ ಇಲ್ಲ. ಡಿಪ್ಲಾಯ್ ಮುಗಿದ ಕೂಡಲೇ ಒಂದು ಸಣ್ಣ ಸ್ಕ್ರಿಪ್ಟ್ ಇಂಡೆಕ್ಸ್ ಪುಟದ ಐಕಾನ್ ಲಿಂಕ್ ತೆಗೆದುಕೊಂಡು ಕರ್ಲ್ ಹೊಡೆಯುತ್ತದೆ. ಕಂಟೆಂಟ್ ಟೈಪ್ ಇಮೇಜ್ ಅಂತ ಶುರುವಾಗದಿದ್ದರೆ ಡಿಪ್ಲಾಯ್ ಪೈಪ್‌ಲೈನ್ ಕೆಂಪು, ಅಂದ್ರೆ ಫೇಲ್. ಸ್ಕ್ರಿಪ್ಟ್ ಬರೆದದ್ದು ಅದೇ ಹುಡುಗಿ. ಬ್ಲಾಕ್ ಹಾಕಿದ ಮೊದಲ ವಾರವೇ ಲಾಗ್‌ನಲ್ಲಿ ಇನ್ನೊಂದು 404 ಸಿಕ್ಕಿತು. ಪ್ರಿಂಟ್ ಪುಟದ ಒಂದು ಫಾಂಟ್ ಫೈಲ್ ಮೊದಲಿಂದಲೂ ಡಿಸ್ಟ್‌ಗೆ ಬಂದೇ ಇರಲಿಲ್ಲ. ತಕ್‌ಪಟ್ಟಿಯಲ್ಲಿ ಒತ್ತಕ್ಷರ ಒಡೆದು ಬರುತ್ತವೆ ಅಂತ ಗುಮಾಸ್ತರು ಹೇಳುತ್ತಿದ್ದರು, ನಾವು ಅದನ್ನು ಪ್ರಿಂಟರ್ ಮೇಲೆ ಹಾಕಿ ಕೈ ತೊಳೆದುಕೊಂಡಿದ್ದೆವು. ಅದೂ ಈಗ ಸರಿಹೋಗಿದೆ. ನಮ್ಮ ಉಳಿದ ಗಿರಾಕಿಗಳ ಸರ್ವರ್‌ಗಳಲ್ಲಿ ಇನ್ನೂ ಹಳೇ ಕಾನ್ಫಿಗ್ ಇದೆ. ಬದಲಿಸುವ ಪಿಆರ್ ಕಳಿಸಿದ್ದೇನೆ, ರಿವ್ಯೂಗೆ ಕಾಯುತ್ತಿದೆ.