ಎಲ್ಲರ ಉತ್ತರವೂ ಬೇರೆ ಬೇರೆ ಬಂದ ಮಧ್ಯಾಹ್ನ

ಮೂಡಲ್ ಅಂದರೆ ಮನೆಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುವುದಕ್ಕೆ ಇರುವ ಸಾಫ್ಟ್‌ವೇರ್ ಅಂತ ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ನನಗೆ ಅದು ಜಾಸ್ತಿ ಉಪಯೋಗಕ್ಕೆ ಬಂದದ್ದು ಮಕ್ಕಳು ನನ್ನ ಎದುರಿಗೇ ಕೂತಿದ್ದಾಗ. ಅದೂ ಇಂಟರ್ನೆಟ್ ಇಲ್ಲದೆ. ಆ ಒಂದು ಮಧ್ಯಾಹ್ನದ ಕ್ಲಾಸಿನ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಮನಸ್ಸಿನಲ್ಲಿತ್ತು.

ನಾನು ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಮೊದಲ ವರ್ಷದ ಬಿಎಸ್ಸಿ ಮಕ್ಕಳಿಗೆ ಲೆಕ್ಕ ಕೊಟ್ಟರೆ ಎಲ್ಲರ ಪುಸ್ತಕದಲ್ಲೂ ಒಂದೇ ಉತ್ತರ ಇರುತ್ತದೆ. ಒಬ್ಬರು ಮಾಡುತ್ತಾರೆ, ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕುತ್ತಾರೆ, ಉಳಿದವರು ಅದನ್ನು ನೋಡಿ ಇಳಿಸಿಕೊಳ್ಳುತ್ತಾರೆ. ಫೋಟೋದಲ್ಲಿ ತಪ್ಪಿದ್ದರೆ ಆ ತಪ್ಪೂ ಎಲ್ಲರ ಪುಸ್ತಕಕ್ಕೆ ಹೋಗುತ್ತದೆ. ಇದಕ್ಕೆ ಮಕ್ಕಳನ್ನು ಬೈದು ಪ್ರಯೋಜನ ಇಲ್ಲ ಅನ್ನುವುದು ನನ್ನ ಅನಿಸಿಕೆ. ಎಲ್ಲರಿಗೂ ಒಂದೇ ಲೆಕ್ಕ ಕೊಟ್ಟು, ನೋಡಿ ಬರೆಯಬೇಡಿ ಅಂದರೆ ಯಾರು ಕೇಳುತ್ತಾರೆ? ಜಗಳೂರು, ಚನ್ನಗಿರಿ ಕಡೆಯಿಂದ ಬೆಳಿಗ್ಗೆ ಬಸ್ ಹಿಡಿದು ಬಂದು, ಸಂಜೆ ಮತ್ತೆ ಬಸ್ ಹಿಡಿದು ಮನೆ ಸೇರುವ ಮಕ್ಕಳಿಗೆ ಲೆಕ್ಕದ ಜೊತೆ ಗುದ್ದಾಡುವಷ್ಟು ಹೊತ್ತು ಎಲ್ಲಿ ಸಿಗುತ್ತದೆ?

ಹಾಗಾಗಿ ಆ ಹೊತ್ತನ್ನು ಕ್ಲಾಸಿನಲ್ಲೇ ಮಾಡಿಕೊಡಬೇಕು, ಒಬ್ಬೊಬ್ಬರಿಗೂ ಬೇರೆ ಬೇರೆ ಲೆಕ್ಕ ಸಿಗಬೇಕು ಅಂತ ಮೂಡಲ್ ಹಾಕಿದೆ. ಇದನ್ನು ಶುರು ಮಾಡಿದವರು ಆಸ್ಟ್ರೇಲಿಯಾದ ಪರ್ತ್‌ನ ಮಾರ್ಟಿನ್ ಡೂಗಿಯಾಮಸ್. ಮೊದಲ ಆವೃತ್ತಿ ಬಂದದ್ದು 2002ರ ಆಗಸ್ಟ್‌ನಲ್ಲಿ. ಅವರು ಚಿಕ್ಕವರಿದ್ದಾಗ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿ ಸೀಮೆಯಲ್ಲಿದ್ದರು. ಹತ್ತಿರದಲ್ಲಿ ಶಾಲೆ ಇಲ್ಲದೆ ರೇಡಿಯೋದಲ್ಲಿ ಪಾಠ ಕೇಳಿ ಕಲಿತವರು. ಅದನ್ನು ಓದಿದಾಗ ನನಗೆ ನಮ್ಮ ಬಸ್ಸಿನ ಮಕ್ಕಳು ನೆನಪಾದರು. ಸಾಫ್ಟ್‌ವೇರ್ ಜಿಪಿಎಲ್ ಲೈಸೆನ್ಸಿನಲ್ಲಿದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬದಲಾಯಿಸಿಕೊಳ್ಳಬಹುದು, ಇನ್ನೊಬ್ಬರಿಗೆ ಕೊಡಬಹುದು. ತಲೆಗೆ ಇಷ್ಟು ಅಂತ ವರ್ಷಕ್ಕೊಮ್ಮೆ ದುಡ್ಡು ಕಟ್ಟುವ ಮಾತೇ ಇಲ್ಲ. ನಮ್ಮಂಥ ಕಾಲೇಜಿಗೆ ಇದು ಸಣ್ಣ ವಿಷಯ ಅಲ್ಲ.

ಲ್ಯಾಬಿನ ಮೂಲೆಯಲ್ಲಿದ್ದ ಒಂದು ಹಳೇ ಕಂಪ್ಯೂಟರಿಗೆ ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿ, ಅದರ ಮೇಲೆ ಮೂಡಲ್ ಓಡುವುದಕ್ಕೆ ಬೇಕಾದ ಅಪಾಚೆ, ಪಿಎಚ್‌ಪಿ, ಮರಿಯಾಡಿಬಿ, ಆಮೇಲೆ ಮೂಡಲ್ ಕೂರಿಸಿದೆವು. ಕಂಪ್ಯೂಟರ್ ಸೈನ್ಸ್ ವಿಭಾಗದ ಸಹೋದ್ಯೋಗಿಯೊಬ್ಬರು ಜೊತೆಗೆ ನಿಂತರು, ಅವರಿಲ್ಲದೆ ಆಗುತ್ತಿರಲಿಲ್ಲ. ಅದೇ ನಮ್ಮ ಸರ್ವರ್, ಲ್ಯಾಬಿನ ಬೇರೆ ಕಂಪ್ಯೂಟರುಗಳು ಕೇಬಲ್‌ನಲ್ಲಿ ಅದಕ್ಕೆ ಸೇರಿದವು. ಕಂಪ್ಯೂಟರ್ ಸಿಗದ ಮಕ್ಕಳ ಫೋನುಗಳಿಗೆ ಒಂದು ವೈಫೈ ರೂಟರ್ ಇಟ್ಟೆವು. ಹೊರಗಿನ ಇಂಟರ್ನೆಟ್ ಏನೂ ಬೇಡ, ಎಲ್ಲ ಆ ರೂಮಿನ ಒಳಗೇ.

ಪ್ರಶ್ನೆ ಮಾಡುವ ಕೆಲಸವನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಕ್ಲಾಸು ನಿಂತಿದ್ದು ಅದರ ಮೇಲೆ. ಮೂಡಲ್‌ನಲ್ಲಿ ಕ್ಯಾಲ್ಕುಲೇಟೆಡ್ ಅನ್ನುವ ಒಂದು ಪ್ರಶ್ನೆಯ ಬಗೆ ಇದೆ. ಸಂಖ್ಯೆ ಬರೆಯುವ ಜಾಗದಲ್ಲಿ ಪುಷ್ಪಾವರಣದ ಒಳಗೆ ಎ, ಬಿ ಅಂತ ಅಕ್ಷರ ಬರೆಯುತ್ತೇವೆ. ಎ ಎಷ್ಟರಿಂದ ಎಷ್ಟರವರೆಗೆ ಇರಬಹುದು ಅಂತ ಹೇಳಿದರೆ ಮೂಡಲ್ ತಾನೇ ಸಂಖ್ಯೆಗಳ ಪಟ್ಟಿ ಮಾಡಿಕೊಳ್ಳುತ್ತದೆ, ಒಂದೊಂದು ಅಕ್ಷರಕ್ಕೆ ಹೆಚ್ಚೆಂದರೆ 100 ಸಂಖ್ಯೆ. ಉತ್ತರದ ಜಾಗದಲ್ಲಿ ಸೂತ್ರ ಬರೆಯುತ್ತೇವೆ. ಎರಡು ರೋಧಕಗಳ, ಅಂದರೆ ರೆಸಿಸ್ಟರುಗಳ, ಸಮಾಂತರ ಜೋಡಣೆಗೆ ಎರಡರ ಗುಣಲಬ್ಧ ಭಾಗಿಸು ಎರಡರ ಮೊತ್ತ. ಅಷ್ಟೇ ಆಗಿದ್ದರೆ ನಾನು ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲ. ತಪ್ಪು ಉತ್ತರಕ್ಕೂ ಸೂತ್ರ ಬರೆಯಬಹುದು! ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಪಾಠ ಮಾಡುವವರಿಗೆ ಗೊತ್ತೇ ಇರುತ್ತದೆ. ಕೆಲವರು ಸುಮ್ನೆ ಎರಡನ್ನೂ ಕೂಡಿಸಿಬಿಡುತ್ತಾರೆ. ಜಾಸ್ತಿ ಜನ ಎರಡೂ ರೋಧಗಳ ಒಂದು ಭಾಗಿಸು ಆರ್ (ಆರ್ ಅಂದರೆ ರೋಧ) ಕೂಡಿಸಿ, ಅದನ್ನು ತಲೆಕೆಳಗಾಗಿ ತಿರುಗಿಸುವುದನ್ನು ಬಿಟ್ಟು ಅಲ್ಲಿಗೇ ನಿಲ್ಲಿಸುತ್ತಾರೆ. ಈ ಎರಡನ್ನೂ ಸೊನ್ನೆ ಅಂಕದ ಉತ್ತರಗಳಾಗಿ ಸೇರಿಸಿದೆ. ಮೊದಲನೆಯದಕ್ಕೆ "ಇದು ಸರಣಿ ಜೋಡಣೆಯ ಉತ್ತರ, ಚಿತ್ರ ಇನ್ನೊಮ್ಮೆ ನೋಡಿ" ಅಂತಲೂ ಎರಡನೆಯದಕ್ಕೆ "ಇಲ್ಲಿವರೆಗೆ ಸರಿ ಬಂದಿದ್ದೀರಿ, ಇನ್ನೊಂದು ಹೆಜ್ಜೆ ಬಾಕಿ ಇದೆ" ಅಂತಲೂ ಬರೆದಿಟ್ಟೆ. ಉತ್ತರ ಶೇಕಡಾ 2ರಷ್ಟು ಆಚೀಚೆ ಇದ್ದರೂ ಒಪ್ಪಿಕೊಳ್ಳುವ ಹಾಗೆ ಮಾಡಿದೆ, 0.33ಕ್ಕೂ 0.333ಕ್ಕೂ ಜಗಳ ಬೇಡ ಅಂತ.

ಪ್ರಶ್ನೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆ. ಮಲ್ಟಿಲ್ಯಾಂಗ್ ಫಿಲ್ಟರ್ ಹಾಕಿದ್ದರೆ, ವಿದ್ಯಾರ್ಥಿ ಯಾವ ಭಾಷೆ ಆರಿಸಿಕೊಂಡಿದ್ದಾರೋ ಅದರಲ್ಲಿ ಮಾತ್ರ ಕಾಣುತ್ತದೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿ ಬಂದವರಿಗೆ ರೋಧ, ಸಮಾಂತರ ಅಂದರೆ ಥಟ್ಟನೆ ಹೊಳೆಯುತ್ತದೆ. ಅವರು ಪಕ್ಕದವರ ಮುಖ ನೋಡದೆ ಪ್ರಶ್ನೆ ಓದಿಕೊಂಡದ್ದನ್ನು ನೋಡಿದಾಗ, ಎರಡು ಸಲ ಟೈಪ್ ಮಾಡಿದ ಶ್ರಮ ಲೆಕ್ಕಕ್ಕೇ ಬರಲಿಲ್ಲ.

ಆ ಮಧ್ಯಾಹ್ನ ಶುರುವಿನಲ್ಲಿ ಗೊಂದಲವೇ ಜಾಸ್ತಿ. ಇಂಟರ್ನೆಟ್ ಇಲ್ಲದ ವೈಫೈ ಕಂಡರೆ ಫೋನುಗಳು ತಾವೇ ಮೊಬೈಲ್ ಡೇಟಾಗೆ ಹಾರಿಬಿಡುತ್ತವೆ, ಆಗ ನಮ್ಮ ಸರ್ವರ್ ಸಿಗುವುದಿಲ್ಲ. ಡೇಟಾ ಆಫ್ ಮಾಡಿ ಅಂತ ಒಬ್ಬೊಬ್ಬರ ಹತ್ತಿರ ಹೋಗಿ ಹೇಳಬೇಕಾಯಿತು. ಈಗ ಬೋರ್ಡಿನ ಮೇಲೆ ಮೊದಲು ಬರೆಯುವುದೇ ಆ ಮಾತು.

ಎಲ್ಲರಿಗೂ ಪ್ರಶ್ನೆ ಬಂದ ಮೇಲೆ ಲ್ಯಾಬಿನಲ್ಲಿ ಮಾತು ಎದ್ದಿತು. "ನಿಂದು ಎಷ್ಟು ಬಂತಲೇ?" "2." "ನಂದು 3 ಐತಿ. ತಪ್ಪಾತೇನು?" "ಅಯ್ಯ, ನಿನ್ನ ಲೆಕ್ಕನೇ ಬ್ಯಾರೆ ಐತಿ ನೋಡು." ಇದು ಎರಡೇ ನಿಮಿಷದಲ್ಲಿ ಇಡೀ ರೂಮಿಗೆ ತಿಳಿಯಿತು. ಕೆಲವರು ನನ್ನ ಕಡೆ ತಿರುಗಿ ನೋಡಿದರು. ನಾನು ಏನೂ ಹೇಳಲಿಲ್ಲ. ಉತ್ತರ ಕೇಳಿ ಪ್ರಯೋಜನ ಇಲ್ಲ ಅಂತ ಗೊತ್ತಾದ ಮೇಲೆ ಅವರು ಕೇಳುವ ಪ್ರಶ್ನೆಯೇ ಬದಲಾಯಿತು. "ಹೆಂಗ ಮಾಡಿದಿ?" ಅಂತ ಕೇಳತೊಡಗಿದರು. ಇದೊಂದು ಮಾತು ನಮ್ಮ ಕ್ಲಾಸಿನಲ್ಲಿ ಎದ್ದು ಬರಲಿ ಅಂತ ನಾನು ಎಷ್ಟು ಕಾದಿದ್ದೆನೋ!

ಜಗಳೂರು ಕಡೆಯಿಂದ ಬರುವ ಒಬ್ಬ ಹುಡುಗಿಗೆ 4 ಓಮ್, 12 ಓಮ್ ಸಿಕ್ಕಿತ್ತು. ಅವಳು 0.33 ಅಂತ ಹಾಕಿದಳು. ಇನ್ನೊಂದು ಹೆಜ್ಜೆ ಬಾಕಿ ಇದೆ ಅಂತ ಕಂಪ್ಯೂಟರ್ ಹೇಳಿತು. ಯಾವ ಹೆಜ್ಜೆ ಅಂತ ಅವಳಿಗೆ ಗೊತ್ತಾಗಲಿಲ್ಲ. ಪಕ್ಕದ ಹುಡುಗ ತಿರುವಿ ಹಾಕು ಅಂತ ಹೇಳಿ ಮುಗಿಸಬಹುದಿತ್ತು, ಅವನು ಹಾಗೆ ಮಾಡಲಿಲ್ಲ. "ನೋಡು, ಎರಡೂ 4 ಇದ್ದಿದ್ರ ಎಷ್ಟು ಬರ್ತಿತ್ತು? 2. ಇಲ್ಲಿ ಒಂದು 4, ಇನ್ನೊಂದು 12. ಅಂದ್ರ 2ಕ್ಕಿಂತ ಜಾಸ್ತಿ ಬರಬೇಕು, 4ಕ್ಕಿಂತ ಕಡಿಮಿ ಇರಬೇಕು. 0.33 ಹೆಂಗ ಬರ್ತೈತಿ?" ಅಂದ. ಸಮಾಂತರದಲ್ಲಿ ಒಟ್ಟು ರೋಧ ಸಣ್ಣ ರೋಧಕ್ಕಿಂತ ಕಡಿಮೆ ಇರುತ್ತದೆ ಅಂತ ನಾನು ಪ್ರತಿ ವರ್ಷ ಹೇಳುತ್ತೇನೆ. ಆದರೆ 0.33 ಕೂಡ 4ಕ್ಕಿಂತ ಕಡಿಮೆಯೇ ಅಲ್ವಾ? ಆ ನಿಯಮ ಒಂದರಿಂದಲೇ ಈ ತಪ್ಪು ಸಿಗುವುದಿಲ್ಲ. ಕೆಳಗೂ ಒಂದು ಗೆರೆ ಇದೆ, ಸಣ್ಣದರ ಅರ್ಧಕ್ಕಿಂತ ಕಡಿಮೆ ಬರಲು ಸಾಧ್ಯವೇ ಇಲ್ಲ ಅಂತ ಅವನು ತಾನೇ ಕಂಡುಕೊಂಡಿದ್ದ. ಅವಳು ಒಂದು ಕ್ಷಣ ಸುಮ್ಮನಿದ್ದು, ಅಳಿಸಿ 3 ಅಂತ ಹಾಕಿದಳು. ಹಸಿರು ಗುರುತು ಬಂತು. ಎರಡನೇ ಪ್ರಯತ್ನ ಆದ್ದರಿಂದ ಮೂರನೇ ಒಂದು ಭಾಗ ಅಂಕ ಹೋಯಿತು, ಅದನ್ನು ಅವಳು ತಲೆಗೆ ಹಾಕಿಕೊಂಡಂತೆ ಕಾಣಲಿಲ್ಲ. ನಾನಂತೂ ಅವನ ಮಾತನ್ನು ಆವತ್ತೇ ನನ್ನ ನೋಟ್ಸಿಗೆ ಸೇರಿಸಿಕೊಂಡೆ.

ನಡುವೆ ಕರೆಂಟ್ ಹೋಯಿತು. ಕಂಪ್ಯೂಟರುಗಳೆಲ್ಲ ಒಟ್ಟಿಗೆ ಆರಿದವು, "ಮೇಡಂ, ಎಲ್ಲ ಹೋತು!" ಅಂತ ಕೂಗು. ಸರ್ವರ್ ಮತ್ತು ರೂಟರ್ ಯುಪಿಎಸ್ ಮೇಲಿದ್ದವು. ಫೋನಿನವರು ತಮ್ಮ ಪಾಡಿಗೆ ಮಾಡುತ್ತಲೇ ಇದ್ದರು. ಕ್ವಿಜ್‌ನಲ್ಲಿ ಬರೆದ ಉತ್ತರಗಳನ್ನು ಮೂಡಲ್ ಸಾಮಾನ್ಯವಾಗಿ ನಿಮಿಷಕ್ಕೊಮ್ಮೆ ತಾನೇ ಉಳಿಸಿಕೊಳ್ಳುತ್ತದೆ. ಕರೆಂಟ್ ಬಂದ ಮೇಲೆ ಮತ್ತೆ ಲಾಗಿನ್ ಆದವರಿಗೆ ಅದೇ ಪ್ರಶ್ನೆ, ಅದೇ ಸಂಖ್ಯೆಗಳು, ಅಲ್ಲಿವರೆಗೆ ಬರೆದ ಉತ್ತರ, ಎಲ್ಲ ಹಾಗೇ ಇದ್ದವು.

ಮಕ್ಕಳು ಹೋದ ಮೇಲೆ ರಿಪೋರ್ಟ್ ತೆಗೆದು ಕೂತೆ. ಪ್ರಶ್ನೆ ಎಷ್ಟು ಸುಲಭ ಆಯಿತು ಅಂತ ಹೇಳುವ ಫೆಸಿಲಿಟಿ ಇಂಡೆಕ್ಸ್ ಅಂತೆಲ್ಲ ಅದರಲ್ಲಿ ಇದೆ. ಅದಕ್ಕಿಂತ ನನಗೆ ಬೇಕಾದದ್ದು ಮಕ್ಕಳು ಟೈಪ್ ಮಾಡಿದ ಉತ್ತರಗಳ ಪಟ್ಟಿ. ಇನ್ನೊಂದು ಪ್ರಶ್ನೆಯಲ್ಲಿ ಕರೆಂಟನ್ನು ಮಿಲಿ ಆಂಪಿಯರ್‌ನಲ್ಲೂ ರೋಧವನ್ನು ಕಿಲೋ ಓಮ್‌ನಲ್ಲೂ ಕೊಟ್ಟು ವೋಲ್ಟೇಜ್ ಕೇಳಿದ್ದೆ. 3 ಮಿಲಿ ಆಂಪಿಯರ್, 2 ಕಿಲೋ ಓಮ್ ಇದ್ದರೆ 6 ವೋಲ್ಟ್. ತಪ್ಪು ಮಾಡಿದವರಲ್ಲಿ 6000 ಅಂತ ಬರೆದವರು ಕಡಿಮೆ, 0.006 ಅಂತ ಬರೆದವರೇ ಜಾಸ್ತಿ. ಅಂದರೆ ಮಿಲಿಯನ್ನು ಸರಿಯಾಗಿ ಬದಲಿಸಿದ್ದಾರೆ, ಕಿಲೋ ಬಿಟ್ಟುಬಿಟ್ಟಿದ್ದಾರೆ. ಯಾಕೆ ಹೀಗೆ ಅಂತ ಯೋಚಿಸಿದರೆ ಕಾರಣ ಲ್ಯಾಬಿನಲ್ಲೇ ಇತ್ತು. ಅವರು ದಿನವೂ ನೋಡುವ ಮೀಟರ್ ಮಿಲಿ ಆಂಪಿಯರ್‌ನದು, ಅದನ್ನು ಬದಲಿಸುವುದು ಕೈಗೆ ರೂಢಿಯಾಗಿದೆ. ರೆಸಿಸ್ಟೆನ್ಸ್ ಬಾಕ್ಸಿನಲ್ಲಿ ಮಾತ್ರ ನೇರವಾಗಿ ಓಮ್ ಅಂತಲೇ ಬರೆದಿರುತ್ತದೆ. ಕಿಲೋ ಓಮನ್ನು ಅವರು ಕೈಯಲ್ಲಿ ಹಿಡಿದೇ ಇರಲಿಲ್ಲ.

ಮುಂದಿನ ಪ್ರಾಕ್ಟಿಕಲ್‌ಗೆ ಕೆಂಪು, ಕಪ್ಪು, ಕೆಂಪು ಪಟ್ಟಿಯ ರೆಸಿಸ್ಟರುಗಳನ್ನು ತಂದು ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟೆ. ಬಣ್ಣ ಓದಿ 2 ಕಿಲೋ ಓಮ್ ಅಂತ ಹೇಳಿದರು. ಬ್ಯಾಟರಿ ಎಲಿಮಿನೇಟರ್ 6 ವೋಲ್ಟಿಗೆ ಇಟ್ಟು ಜೋಡಿಸಿದರು, ಮೀಟರಿನ ಮುಳ್ಳು 3ರ ಹತ್ತಿರ ಬಂದು ನಿಂತಿತು. 0.006 ಬರೆದಿದ್ದ ಒಬ್ಬ ತನ್ನ ಪುಸ್ತಕ ತೆಗೆದು ಅದರ ಪಕ್ಕದಲ್ಲಿ ಏನೋ ಗುರುತು ಮಾಡಿಕೊಂಡ.

ಆನ್‌ಲೈನ್ ಕಲಿಕೆ ಬಂದರೆ ಮೇಷ್ಟ್ರಿಗೆ ಕೆಲಸ ಇರುವುದಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ಆಗಾಗ ಮಾತು ಬರುತ್ತದೆ. ನನಗೆ ಕೆಲಸ ಜಾಸ್ತಿಯಾಗಿದೆ. ಒಂದು ಒಳ್ಳೆಯ ಪ್ರಶ್ನೆಗೆ ಒಂದು ಸಂಜೆ ಹೋಗುತ್ತದೆ, ಯಾವ ತಪ್ಪಿಗೆ ಯಾವ ಮಾತು ಹೇಳಬೇಕು ಅಂತ ಮೊದಲೇ ಯೋಚಿಸಬೇಕು. ಆದರೆ ಮಾಡಿದ ಪ್ರಶ್ನೆ ಮುಂದಿನ ವರ್ಷಕ್ಕೂ ಇರುತ್ತದೆ, ಬೇರೆಯವರಿಗೂ ಹೋಗುತ್ತದೆ. ನನ್ನ ಪ್ರಶ್ನೆಗಳನ್ನು ಪೆನ್‌ಡ್ರೈವಿಗೆ ಹಾಕಿ ಚಳ್ಳಕೆರೆಯಲ್ಲಿ ಪಾಠ ಮಾಡುವ ಗೆಳತಿಗೆ ಕೊಟ್ಟಿದ್ದೇನೆ. ಅವಳು ಕೆಮಿಸ್ಟ್ರಿಯವಳು, ಮೊಲಾರಿಟಿ ಲೆಕ್ಕಗಳನ್ನು ಇದೇ ರೀತಿ ಮಾಡಿ ನನಗೆ ವಾಪಸ್ ಕಳಿಸುತ್ತಿದ್ದಾಳೆ. ನೀವೂ ಮಾಡುವುದಾದರೆ ಒಂದು ಮಾತು: ಎಕ್ಸ್‌ಪೋರ್ಟ್ ಮಾಡುವಾಗ ಮೂಡಲ್ ಎಕ್ಸ್‌ಎಂಎಲ್ ಆರಿಸಿಕೊಳ್ಳಿ. ಗಿಫ್ಟ್ ಅನ್ನುವ ಇನ್ನೊಂದು ಫಾರ್ಮ್ಯಾಟಿನಲ್ಲಿ ಕ್ಯಾಲ್ಕುಲೇಟೆಡ್ ಪ್ರಶ್ನೆಗಳು ಬರುವುದಿಲ್ಲ.