ಅಮೆಜಾನ್ ಕಾಡಿನ ರಿಟ್ರೀಟ್ ಕೇಂದ್ರದ ಮಾದರಿ: ಮಲೋಕಾ ನಿಂತಿತು, ಈಗ ರಾತ್ರಿಯ ದಾರಿ

ಮಲೋಕಾದ, ಅಂದರೆ ರಾತ್ರಿಯ ವಿಧಿ ನಡೆಯುವ ದುಂಡು ಮಂಟಪದ, ಛಾವಣಿ ಕೊನೆಗೂ ಮೇಲೇರಿದೆ. 28 ಸೆಂಟಿಮೀಟರ್ ಎತ್ತರದ ಶಂಕು, ಅದರ ಕೆಳಗೆ 48 ಸೆಂಟಿಮೀಟರ್ ಅಗಲದ ದುಂಡು ನೆಲ. ಮಾದರಿಯ ಅಳತೆ 1:25. ಅಂದರೆ ನಿಜದಲ್ಲಿ ಇದು 12 ಮೀಟರ್ ವ್ಯಾಸದ ಕಟ್ಟಡ. ಮೇಜಿನ ಮೇಲಿಟ್ಟು ನೋಡಿದರೆ ಉಳಿದೆಲ್ಲ ಕಟ್ಟಡಗಳೂ ಅದರ ಸುತ್ತ ತಲೆಬಾಗಿ ಕೂತ ಹಾಗೆ ಕಾಣುತ್ತವೆ. ತುಂಬಾ ಖುಷಿಯಾಗಿದೆ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ಪೆರು ದೇಶದ ಈಶಾನ್ಯಕ್ಕೆ ಲೊರೆಟೊ ಎಂಬ ಪ್ರದೇಶವಿದೆ. ಅದರ ರಾಜಧಾನಿ ಇಕಿಟೋಸ್. ದೇಶದ ಉಳಿದ ಭಾಗದಿಂದ ಅಲ್ಲಿಗೆ ರಸ್ತೆಯೇ ಇಲ್ಲ. ದೋಣಿಯಲ್ಲಿ ಹೋಗಬೇಕು, ಇಲ್ಲವೇ ವಿಮಾನದಲ್ಲಿ. ಊರಿನಿಂದ ಹೊರಡುವ ಒಂದು ಮುಖ್ಯ ರಸ್ತೆ ಸುಮಾರು 100 ಕಿಲೋಮೀಟರ್ ದೂರದ ನಾವ್ಟಾ ಪಟ್ಟಣದವರೆಗೆ ಹೋಗುತ್ತದೆ. ಆ ರಸ್ತೆಯ ಅಕ್ಕಪಕ್ಕದ ಕಾಡಿನಲ್ಲಿ ಹಲವು ಚಿಕಿತ್ಸಾ ಕೇಂದ್ರಗಳಿವೆ. ಜನ ಅಲ್ಲಿಗೆ ವಾರಗಟ್ಟಲೆ ಉಳಿಯಲು ಬರುತ್ತಾರೆ. ರಾತ್ರಿ ಮಲೋಕಾದಲ್ಲಿ ಅಯಾವಾಸ್ಕಾ ಎಂಬ, ಮನಸ್ಸಿನ ಸ್ಥಿತಿ ಬದಲಿಸುವ ಬಳ್ಳಿಯ ಕಷಾಯ ಕುಡಿಯುವ ವಿಧಿ ನಡೆಯುತ್ತದೆ, ಶಿಪಿಬೊ ಎಂಬ ಮೂಲನಿವಾಸಿ ಜನಾಂಗದ ವೈದ್ಯರು ಇಕಾರೊ ಎಂಬ ಚಿಕಿತ್ಸೆಯ ಹಾಡುಗಳನ್ನು ಹಾಡುತ್ತಾರೆ. ಹಗಲು ವಿಶ್ರಾಂತಿ, ಗಿಡಮೂಲಿಕೆ ಸ್ನಾನ, ಪಥ್ಯ. ಅಯಾವಾಸ್ಕಾಕ್ಕೆ ಸಂಬಂಧಿಸಿದ ಮೂಲನಿವಾಸಿಗಳ ಜ್ಞಾನವನ್ನು ಪೆರು ಸರ್ಕಾರ 2008ರಲ್ಲಿ ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿತು.

ನಾನು ಮಾಡುತ್ತಿರುವುದು ಯಾವುದೋ ಒಂದು ನಿಜವಾದ ಕೇಂದ್ರದ ನಕಲು ಅಲ್ಲ. ಫೋಟೋ, ನಕ್ಷೆ, ಕಟ್ಟುವ ವಿಧಾನದ ವಿವರಣೆಗಳನ್ನು ನೋಡಿಕೊಂಡು ಒಂದು ಕಾಲ್ಪನಿಕ ಕೇಂದ್ರ ಕಟ್ಟುತ್ತಿದ್ದೇನೆ. ಆ ಔಷಧಿಯ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಬೇಕಾಗಿರುವುದು ಬೇರೆ. ಹುಷಾರಾಗಲು ಅಷ್ಟು ದೂರ ಬಂದ ಮನುಷ್ಯ ಎಲ್ಲಿ ಮಲಗುತ್ತಾನೆ? ಕತ್ತಲಲ್ಲಿ ಹೇಗೆ ನಡೆಯುತ್ತಾನೆ? ಒದ್ದೆ ಬಟ್ಟೆ ಎಲ್ಲಿ ಹಾಕುತ್ತಾನೆ? ಚೆನ್ನಾಗಿ ನಿದ್ದೆ ಬರದ ಕಡೆ ಯಾರೂ ಚೇತರಿಸಿಕೊಳ್ಳುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಜಾಗ

ಹಲಗೆಯ ಅಳತೆ 160 × 110 ಸೆಂಟಿಮೀಟರ್. ನಿಜದ ಲೆಕ್ಕದಲ್ಲಿ 40 ಮೀಟರ್ ಉದ್ದ, 27.5 ಮೀಟರ್ ಅಗಲ. ಪೂರ್ತಿ ಕೇಂದ್ರ ಇದರಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಒಂದು ಮಲೋಕಾ, ಒಂದು ತಂಬೊ, ಶೌಚಾಲಯ, ಅಡುಗೆಮನೆಯ ಒಂದು ಬದಿ, ಇಷ್ಟು ಮಾತ್ರ. ತಂಬೊ ಎಂದರೆ ಒಬ್ಬರು ಉಳಿಯುವ ಪುಟ್ಟ ಗುಡಿಸಲು. ಬೇರೆ ತಂಬೊಗಳ ಕಡೆಗೆ ಹೋಗುವ ದಾರಿ ಹಲಗೆಯ ಅಂಚಿನಲ್ಲಿ ಕವಲೊಡೆದು ನಿಲ್ಲುತ್ತದೆ.

ನೆಲಕ್ಕೆ ಫೋಮ್ ಪದರ ಹಾಕಿ ಸಣ್ಣ ಇಳಿಜಾರು ಕೊಟ್ಟಿದ್ದೇನೆ. ಇಕಿಟೋಸ್ ಸುತ್ತ ವರ್ಷಕ್ಕೆ 2,800 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ನದಿಯ ಮಟ್ಟವೂ ಋತುವಿನಿಂದ ಋತುವಿಗೆ ಹಲವು ಮೀಟರ್ ಏರಿಳಿಯುತ್ತದೆ. ಪ್ರವಾಹ ಮುಟ್ಟದ ಎತ್ತರದ ನೆಲಕ್ಕೆ ಅಲ್ಲಿಯವರು ತಿಯೆರಾ ಫಿರ್ಮೆ ಎನ್ನುತ್ತಾರೆ. ನನ್ನ ಕೇಂದ್ರ ಇರುವುದು ಅಂಥ ನೆಲದ ಮೇಲೆ. ಆದರೂ ಎಲ್ಲ ಕಟ್ಟಡಗಳೂ ಕಂಬದ ಮೇಲೆ ನಿಂತಿವೆ. ನೆರೆ ಬಾರದಿದ್ದರೂ ಕೆಸರು ಇದ್ದೇ ಇರುತ್ತದೆ, ಗೆದ್ದಲು ಇರುತ್ತದೆ, ನೆಲದ ತೇವ ಮೇಲೇರುತ್ತದೆ. ಒಂದು ಮೀಟರ್ ಎತ್ತರಿಸಿದರೆ ಕೆಳಗೆ ಗಾಳಿ ಓಡಾಡುತ್ತದೆ. ಮಾದರಿಯಲ್ಲಿ ಅದು 4 ಸೆಂಟಿಮೀಟರ್.

ಛಾವಣಿ

ಈ ಸಲದ ಹೆಚ್ಚಿನ ಸಮಯ ಹೋಗಿದ್ದು ಇದಕ್ಕೇ.

ಅಲ್ಲಿ ಛಾವಣಿಗೆ ಹೆಚ್ಚಾಗಿ ಬಳಸುವುದು ಇರಪಾಯ್ ಎಂಬ ಸಣ್ಣ ತಾಳೆಯ ಎಲೆ. ದೊಡ್ಡ ಮರಗಳ ನೆರಳಿನಲ್ಲೇ ಬೆಳೆಯುವ ಗಿಡ ಅದು. ಎಲೆಗಳನ್ನು ಬಿಡಿಬಿಡಿಯಾಗಿ ಹೊದಿಸುವುದಿಲ್ಲ. ಪೋನಾ ಎಂಬ ಇನ್ನೊಂದು ತಾಳೆಯ ಸೀಳಿದ ಪಟ್ಟಿಗೆ ಒಂದರ ಪಕ್ಕ ಒಂದು ಮಡಚಿ ಹೆಣೆಯುತ್ತಾರೆ. ಸುಮಾರು 3 ಮೀಟರ್ ಉದ್ದದ ಈ ಹೆಣಿಗೆಗೆ ಕ್ರಿಸ್ನೇಹಾ ಎಂದು ಹೆಸರು. ಅದನ್ನು ಕೆಳಗಿನಿಂದ ಶುರುಮಾಡಿ ಸಾಲುಸಾಲಾಗಿ ಮೇಲಕ್ಕೆ ಕಟ್ಟುತ್ತಾ ಹೋಗುತ್ತಾರೆ. ಸಾಲುಗಳ ನಡುವಿನ ಅಂತರ ಕಡಿಮೆ ಮಾಡಿದಷ್ಟೂ ಎಲೆ ಜಾಸ್ತಿ ಬೇಕು, ಬಾಳಿಕೆಯೂ ಜಾಸ್ತಿ.

ತಂಬೊಗೆ ಇದು ಸುಲಭ. ಎರಡು ಇಳಿಜಾರು, ನೇರ ಪಟ್ಟಿಗಳು. ಮಲೋಕಾ ದುಂಡಗಿದೆ, ಹೆಣಿಗೆ ನೇರವಾಗಿದೆ. ನೇರ ಪಟ್ಟಿಯನ್ನು ಶಂಕುವಿನ ಮೇಲೆ ಬಗ್ಗಿಸಿದರೆ ಎಲೆಗಳು ಬಾಯಿ ಬಿಡುತ್ತವೆ, ಸಂದಿನಲ್ಲಿ ನೀರು ಇಳಿಯುತ್ತದೆ. ಇದಕ್ಕೆ ಉತ್ತರ ಸಿಕ್ಕಿದ್ದು ಲೆಕ್ಕದಲ್ಲಿ. ಗೋಡೆಯ ಆಚೆ 1 ಮೀಟರ್ ಸೂರು ಚಾಚಿಸಿದ್ದೇನೆ. ಆಗ ಛಾವಣಿಯ ಅಂಚಿನ ತ್ರಿಜ್ಯ 7 ಮೀಟರ್, ಸುತ್ತಳತೆ ಸುಮಾರು 44 ಮೀಟರ್. 16 ತೊಲೆಗಳನ್ನು ನಡುವಿನ ತುದಿಗೆ ಸೇರಿಸಿದರೆ ಎರಡು ತೊಲೆಗಳ ನಡುವೆ 2.75 ಮೀಟರ್ ಬರುತ್ತದೆ. ಒಂದು ಕ್ರಿಸ್ನೇಹಾ ಸರಿಯಾಗಿ ಅಲ್ಲಿ ಕೂರುತ್ತದೆ, ಪಕ್ಕದ್ದರ ಮೇಲೆ ಹತ್ತಲು ತುಸು ಉಳಿಯುತ್ತದೆ ಕೂಡ! ಅಂದರೆ ದೂರದಿಂದ ದುಂಡಗೆ ಕಾಣುವ ಛಾವಣಿ ನಿಜವಾಗಿ 16 ಮುಖಗಳದ್ದು. ಮೇಲೆ ಹೋದಂತೆ ಪಟ್ಟಿಗಳನ್ನು ಗಿಡ್ಡ ಮಾಡುತ್ತಾ ಹೋದರೆ ಸಾಕು. ಹೆಣೆಯುವವರ ಅಳತೆಯೂ ಕಟ್ಟುವವರ ಅಳತೆಯೂ ಹೀಗೆ ಕೂಡಿಕೊಂಡಿದ್ದು ನೋಡಿ ನನಗೆ ರೋಮಾಂಚನವಾಯಿತು.

ಇಳಿಜಾರು 45 ಡಿಗ್ರಿ. ಇದಕ್ಕಿಂತ ಮಲಗಿಸಿದರೆ ನೀರು ಎಲೆಯ ಮೇಲೆ ನಿಧಾನಿಸುತ್ತದೆ, ಎಲೆ ಬೇಗ ಕೊಳೆಯುತ್ತದೆ. ತುದಿಯಲ್ಲಿ ಎಲ್ಲ ಪಟ್ಟಿಗಳೂ ಸೇರುವ ಕಡೆ ಪ್ರತ್ಯೇಕ ಟೋಪಿ ಬೇಕು. ಮಾದರಿಯ ಎಲೆಗಳಿಗೆ ರಾಫಿಯಾ ನಾರನ್ನು ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದೆ. ಕೆಳಗಿನ ಸಾಲುಗಳಿಗೆ ಗಾಢ ಬಣ್ಣ, ಮೇಲಿನವಕ್ಕೆ ತಿಳಿ.

ಮಲೋಕಾದ ಒಳಗೆ

ಒಳಸುತ್ತಳತೆ ಸುಮಾರು 37 ಮೀಟರ್. ಬಾಗಿಲಿಗೆ, ವೈದ್ಯರು ಕೂರುವ ಜಾಗಕ್ಕೆ ಬಿಟ್ಟು, ಒಬ್ಬರಿಗೆ ಒಂದೂವರೆ ಮೀಟರ್ ಕೊಟ್ಟರೆ ಇಪ್ಪತ್ತರ ಆಸುಪಾಸು ಹಾಸಿಗೆ ಹಿಡಿಯುತ್ತವೆ. ನಾನು ಹಾಕಿದ್ದು 14. ಪಕ್ಕದವರ ಉಸಿರು ಕೇಳದಷ್ಟು ದೂರ ಬೇಕು ಅನ್ನಿಸಿತು. ಪ್ರತಿ ಹಾಸಿಗೆಯ ಪಕ್ಕ ಒಂದು ಸಣ್ಣ ಬಕೆಟ್. ಅಯಾವಾಸ್ಕಾ ಕುಡಿದ ಮೇಲೆ ವಾಂತಿ ಸಾಮಾನ್ಯ, ಅದನ್ನು ಶುದ್ಧಿಯ ಭಾಗ ಎಂದೇ ಅಲ್ಲಿ ತಿಳಿಯುತ್ತಾರೆ. ಮಂಟಪದ ಗೋಡೆ ಸೊಂಟದವರೆಗೆ ಮಾತ್ರ ಹಲಗೆ, ಅದರ ಮೇಲೆ ಸೂರಿನವರೆಗೂ ಬಲೆ. ಗಾಳಿ ಆಡಬೇಕು, ಕಾಡಿನ ಸದ್ದು ಒಳಗೆ ಬರಬೇಕು, ಸೊಳ್ಳೆ ಬರಬಾರದು.

ನೇತುಹಾಕಿರುವ ಬಟ್ಟೆಯ ಬಗ್ಗೆ ಒಂದು ಮಾತು. ಶಿಪಿಬೊ ಹೆಂಗಸರು ಬಟ್ಟೆಯ ಮೇಲೆ ಬಿಡಿಸುವ, ಕಸೂತಿ ಹಾಕುವ ಕೆನೆ ವಿನ್ಯಾಸ ನೀವು ನೋಡಿರಬಹುದು. ಅದಕ್ಕೂ 2008ರಲ್ಲೇ ಪರಂಪರೆಯ ಮಾನ್ಯತೆ ಸಿಕ್ಕಿತು. ನಾನು ಸುಮ್ನೆ ಪೆನ್ನು ಹಿಡಿದು ಅದರಂತೆ ಗೀಚುವುದು ಸರಿ ಕಾಣಲಿಲ್ಲ. ಅದು ಅವರ ಕೈಯ ವಿದ್ಯೆ. ಮಾದರಿಯ ಬಟ್ಟೆಯನ್ನು ಬಿಳಿಯಾಗಿಯೇ ಬಿಟ್ಟಿದ್ದೇನೆ.

ತಂಬೊ

4 × 3 ಮೀಟರ್. ಒಂದು ಮಂಚ, ಒಂದು ಮೇಜು, ಮುಂದಿನ ಜಗಲಿಯಲ್ಲಿ ಜೋಲಿ. ಇಷ್ಟೇ ಸಾಕು ಅಲ್ವಾ? ಬಾಗಿಲಿರುವ ಬೀರು ಬೇಡವೇ ಬೇಡ. ಅಷ್ಟು ತೇವದಲ್ಲಿ ಮುಚ್ಚಿಟ್ಟ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ತೆರೆದ ಹಲಗೆ, ಸೂರಿನ ಕೆಳಗೆ ಬಟ್ಟೆ ಹಗ್ಗ, ಕ್ಯಾಮೆರಾ, ಔಷಧಿಗಳಿಗೆ ಮಾತ್ರ ಬಿಗಿ ಮುಚ್ಚಳದ ಡಬ್ಬಿ.

ಪೋನಾ ಕಾಂಡವನ್ನು ಸೀಳಿ ಚಪ್ಪಟೆ ಮಾಡಿದ ನೆಲ ನೋಡಲು ಚಂದ. ಪಟ್ಟಿಗಳ ನಡುವಿನ ಸಂದಿನಿಂದ ತಂಪು ಗಾಳಿಯೂ ಬರುತ್ತದೆ. ಆದರೆ ಅದೇ ಸಂದಿನಿಂದ ಸೊಳ್ಳೆಯೂ ಬರುತ್ತದೆ. ಪೆರುವಿನ ಮಲೇರಿಯಾ ಪ್ರಕರಣಗಳಲ್ಲಿ ಬಹುಪಾಲು ಲೊರೆಟೊದವೇ. ಅಲ್ಲಿ ಅದನ್ನು ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಡಾರ್ಲಿಂಗಿ, ಕಚ್ಚುವುದು ಸಂಜೆಯಿಂದ ಬೆಳಗಿನ ಜಾವದವರೆಗೆ. ಹಾಗಾಗಿ ಜಗಲಿಗೆ ಪೋನಾ, ಮಲಗುವ ಕೋಣೆಗೆ ಜೋಡಿಸಿದ ಹಲಗೆ. ಕಿಟಕಿಗೆ ಬಲೆ ಇದ್ದರೂ ಮಂಚಕ್ಕೆ ಇನ್ನೊಂದು ಸೊಳ್ಳೆಪರದೆ. ಈ ಎರಡನೆಯ ಪರದೆಯಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ನಿಜದ ಪರದೆಯ ಕಣ್ಣು ಸುಮಾರು 1.2 ಮಿಲಿಮೀಟರ್. 25ರಿಂದ ಭಾಗಿಸಿದರೆ ಅಂಥ ಬಟ್ಟೆ ಎಲ್ಲೂ ಸಿಗದು. ತೆಳು ಆರ್ಗಾಂಜಾ ಬಟ್ಟೆ ಕಣ್ಣಿಗೆ ಸರಿ ಕಾಣುತ್ತಿದೆ.

ನೀರು, ಕರೆಂಟು, ಶೌಚ

ಎಲೆ ಛಾವಣಿಯಿಂದ ಇಳಿದ ನೀರು ಕುಡಿಯಲು ಯೋಗ್ಯವಲ್ಲ. ಅದಕ್ಕೇ ಅಡುಗೆಮನೆಗೆ ತಗಡು. 40 ಚದರ ಮೀಟರ್ ತಗಡಿನ ಮೇಲೆ ವರ್ಷಕ್ಕೆ 2,800 ಮಿಲಿಮೀಟರ್ ಮಳೆ ಬಿದ್ದರೆ 1,12,000 ಲೀಟರ್. ಐದರಲ್ಲಿ ಒಂದು ಪಾಲು ಚೆಲ್ಲಿಹೋದರೂ ಸುಮಾರು 90,000 ಲೀಟರ್ ತೊಟ್ಟಿಗೆ ಬರುತ್ತದೆ. ಸೋಸಿ, ಕುದಿಸಿ ಕುಡಿಯಬೇಕು.

ಸೋಲಾರ್ ಫಲಕ ಮರಗಳ ನೆರಳಿನಲ್ಲಿ ಕೆಲಸ ಮಾಡದು, ಬಯಲಿನಲ್ಲೇ ಇಡಬೇಕು. ಭೂಮಧ್ಯರೇಖೆ ಹತ್ತಿರವಾದ್ದರಿಂದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಮಳೆ ಕಸ ತೊಳೆದುಕೊಂಡು ಹೋಗುವಷ್ಟು ಓರೆ ಸಾಕು. ಶೌಚಾಲಯ ಒಣ ಮಾದರಿಯದು, ನೀರಿನ ಬದಲು ಮರದ ಹೊಟ್ಟು. ಜೇಡಿನೆಲದಲ್ಲಿ ಗುಂಡಿ ತೋಡಿದರೆ ಮಳೆಗಾಲದಲ್ಲಿ ತುಂಬಿ ಹೊಳೆಗೆ ಸೇರುತ್ತದೆ. ಅದೇ ಹೊಳೆಯಲ್ಲಿ ಜನ ಸ್ನಾನ ಮಾಡುತ್ತಾರೆ.

ರಾತ್ರಿಯ ದಾರಿ

ಈಗ ನಡೆಯುತ್ತಿರುವ ಕೆಲಸ ಇದು. ನನ್ನ ಪ್ರಕಾರ ಇಡೀ ಕೇಂದ್ರದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ.

ಅಲ್ಲಿ ವರ್ಷವಿಡೀ ಹಗಲು ಸುಮಾರು 12 ಗಂಟೆ, ರಾತ್ರಿಯೂ ಅಷ್ಟೇ. ವಿಧಿ ಮುಗಿಯುವಾಗ ನಡುರಾತ್ರಿ ಆಗಿರುತ್ತದೆ. ಆ ಹೊತ್ತಿಗೆ ಕಾಲು ಗಟ್ಟಿಯಾಗಿ ನಿಲ್ಲುವುದಿಲ್ಲ, ಹೊಟ್ಟೆ ತೊಳಸುತ್ತಿರುತ್ತದೆ, ಮನಸ್ಸು ಹಸಿಯಾಗಿರುತ್ತದೆ. ಅಂಥ ಸ್ಥಿತಿಯಲ್ಲಿ ಮನುಷ್ಯ ಒದ್ದೆ ಕಾಡಿನಲ್ಲಿ ತನ್ನ ಗುಡಿಸಲಿಗೆ ನಡೆಯಬೇಕು. ಅಮೆಜಾನಿನಲ್ಲಿ ಅತಿ ಹೆಚ್ಚು ಜನರಿಗೆ ಕಚ್ಚುವ ಹಾವು ಬೋಥ್ರೋಪ್ಸ್ ಆಟ್ರೋಕ್ಸ್. ರಾತ್ರಿ ಓಡಾಡುವ ಹಾವು, ಒಣಗಿದ ಎಲೆಗಳ ಬಣ್ಣದ್ದು. ಟಾರ್ಚ್ ಹಿಡಿದರೂ ಕಣ್ಣಿಗೆ ಬೀಳುವುದು ಕಷ್ಟ.

ಅದಕ್ಕೆ ನೆಲದಿಂದ ಎತ್ತರಿಸಿದ ಹಲಗೆ ದಾರಿ. ಅಗಲ 1.2 ಮೀಟರ್, ಇಬ್ಬರು ಪಕ್ಕಪಕ್ಕ ನಡೆಯುವಷ್ಟು. ಸಹಾಯಕರು ತೋಳು ಹಿಡಿದು ಕರೆದೊಯ್ಯಬೇಕಲ್ಲ. ಒಂದು ಬದಿಗೆ ಕೈಹಿಡಿ, ಅದು ಎಲ್ಲೂ ತುಂಡಾಗಬಾರದು. ಒದ್ದೆ ಹಲಗೆಗೆ ಪಾಚಿ ಕಟ್ಟಿ ಜಾರುತ್ತದೆ. ಹಲಗೆಯ ಮೇಲೆ ಕೋಳಿಗೂಡಿನ ತಂತಿಬಲೆ ಹೊಡೆದರೆ ಕಾಲಿಗೆ ಹಿಡಿತ ಸಿಗುತ್ತದೆ. ಮಾದರಿಯಲ್ಲಿ ಇದಕ್ಕೆ ಹಳೆಯ ಚಹಾ ಸೋಸುಕದ ಜಾಲರಿ ಕತ್ತರಿಸಿ ಅಂಟಿಸಿದ್ದೇನೆ. ಮೆಟ್ಟಿಲುಗಳ ಎತ್ತರ ಎಲ್ಲ ಒಂದೇ. ಕತ್ತಲಲ್ಲಿ ಕಾಲು ಮೊದಲ ಮೆಟ್ಟಿಲಿನ ಅಳತೆಯನ್ನೇ ನಂಬಿಕೊಂಡು ಹೋಗುತ್ತದೆ.

ದೀಪಗಳು ಮಂಡಿಯ ಕೆಳಗೆ, ಅಂಬರ್ ಬಣ್ಣದವು. ಬಿಳಿ ಬೆಳಕಿಗಿಂತ ಇದಕ್ಕೆ ಹುಳುಗಳು ಕಡಿಮೆ ಬರುತ್ತವೆ, ವಿಧಿ ಮುಗಿಸಿ ಬಂದವರ ಕಣ್ಣಿಗೂ ಚುಚ್ಚುವುದಿಲ್ಲ. ನಿಯಮ ಒಂದೇ: ಯಾವ ದೀಪದ ಬಳಿ ನಿಂತರೂ ಮುಂದಿನದು ಕಾಣಬೇಕು. ಸಣ್ಣ ಎಲ್‌ಇಡಿಗಳನ್ನು ಹಲಗೆಯ ಕೆಳಗಿನ ವೈರಿಗೆ ಜೋಡಿಸಿ, ಕೋಣೆ ಕತ್ತಲು ಮಾಡಿ, ಫೋನ್ ಕ್ಯಾಮೆರಾವನ್ನು ದಾರಿಯಿಂದ 6.4 ಸೆಂಟಿಮೀಟರ್ ಎತ್ತರದಲ್ಲಿ ಹಿಡಿದು ನಿಧಾನವಾಗಿ ಸಾಗಿಸಿದೆ. ಅದು 1.6 ಮೀಟರ್ ಎತ್ತರದ ಕಣ್ಣಿನ ಮಟ್ಟ. ಶೌಚಾಲಯದ ಕವಲಿನ ಬಳಿ ದೊಡ್ಡ ಮರದ ಬೇರು ಒಂದು ದೀಪವನ್ನು ಪೂರ್ತಿ ಮರೆಮಾಡುತ್ತಿತ್ತು. ದೀಪವನ್ನು ಕವಲಿನ ಈಚೆಗೆ ತಂದೆ. ಈಗ ಮಲೋಕಾದ ಬಾಗಿಲಿನಿಂದ ಮಂಚದವರೆಗೆ ಕತ್ತಲ ತುಂಡು ಒಂದೂ ಇಲ್ಲ.

ಮುಂದೆ

ಪ್ರಥಮ ಚಿಕಿತ್ಸೆಯ ಕೋಣೆ ಬಾಕಿ ಇದೆ. ಬಂದವರ ಆರೋಗ್ಯ ವಿಚಾರಿಸುವ ಮಾತುಕತೆಯೂ ಅಲ್ಲೇ. ಹೃದಯದ ತೊಂದರೆ ಇರುವವರಿಗೆ, ಖಿನ್ನತೆಗೆ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಅಯಾವಾಸ್ಕಾ ಅಪಾಯಕಾರಿ. ಆ ಬಳ್ಳಿಯಲ್ಲಿರುವ ಹಾರ್ಮಿನ್ ಆ ಮಾತ್ರೆಗಳ ಜೊತೆ ಕೂಡಿದರೆ ಜೀವಕ್ಕೇ ಕುತ್ತು ಬರಬಹುದು. ಹಾಗಾಗಿ ಅತಿಥಿ ತನ್ನ ತಂಬೊ ನೋಡುವುದಕ್ಕಿಂತ ಮೊದಲು ಈ ಕೋಣೆಗೆ ಬರುವಂತಿರಬೇಕು. ಇನ್ನೊಂದು ಕಡೆ, ತುರ್ತಿನಲ್ಲಿ ಸ್ಟ್ರೆಚರ್ ಬೇಗ ರಸ್ತೆ ಮುಟ್ಟಬೇಕು. ಹಲಗೆಯ ಪೂರ್ವದ ಅಂಚಿನಲ್ಲಿ, ಅಡುಗೆಮನೆಯ ತಗಡಿನ ಪಕ್ಕ 16 ಸೆಂಟಿಮೀಟರ್ ಜಾಗ ಉಳಿದಿದೆ. ಸ್ಟ್ರೆಚರ್ ತಿರುಗಲು ದಾರಿಯ ಆ ಮೂಲೆಯನ್ನು ಅಗಲಿಸಬೇಕು. ಈ ವಾರ ಅಲ್ಲಿನ ಎರಡು ಕಂಬ ಕಿತ್ತು ಮತ್ತೆ ನೆಡುತ್ತೇನೆ.